ಬ್ರೌನ್ ಬೆಲ್ಟ್ ಬಿಚ್ಚಿ ಬಿಳಿ ಕಟ್ಕೋ ಅಂದಿದ್ದಕ್ಕೆ ಮಗ ಕ್ಲಾಸಿಗೇ ಹೋಗಲ್ಲ ಅಂತಾನೆ, ಅನುಭವ ಇದ್ದವರು ಹೇಳಿ

ಕೇಳಿದವರು: ನಿಟ್ಟುವಳ್ಳಿಯ ಒಬ್ಬ ಅಪ್ಪ

ಎಲ್ಲರಿಗೂ ನಮಸ್ಕಾರ. ನಾವು ದಾವಣಗೆರೆಯವರು. ಮಗನಿಗೆ ಹನ್ನೆರಡು ವರ್ಷ, ಏಳನೇ ಕ್ಲಾಸ್. ಒಂಬತ್ತು ವರ್ಷಕ್ಕೆ ಮನೆ ಹತ್ತಿರದ ಕರಾಟೆ ಕ್ಲಾಸಿಗೆ ಸೇರಿಸಿದ್ವಿ. ಮೂರು ಮೂರು ತಿಂಗಳಿಗೆ ಬೆಲ್ಟ್ ಟೆಸ್ಟ್ ಇರೋದು, ಒಂದರಲ್ಲೂ ಫೇಲ್ ಆಗ್ಲಿಲ್ಲ. ಎರಡೂವರೆ ವರ್ಷಕ್ಕೆ ಬ್ರೌನ್ ಬೆಲ್ಟ್ ಬಂತು, ಬಿಳಿಯಿಂದ ಶುರುವಾಗಿ ಕರಿ ಬೆಲ್ಟಿಗೆ ಮುಂಚೆ ಬರೋದು. ನಾವೂ ಖುಷಿಯಾಗಿ ರಸ್ತೆ ತಿರುವಲ್ಲಿ ಒಂದು ಫ್ಲೆಕ್ಸ್ ಹಾಕಿಸಿದ್ವಿ. ಆಮೇಲೆ ಆ ಮಾಸ್ಟರ್ ಊರು ಬಿಟ್ಟರು, ಕ್ಲಾಸ್ ನಿಂತು ಹೋಯ್ತು.

ಈಗ ವಿದ್ಯಾನಗರದ ಕಡೆ ಇನ್ನೊಂದು ಕ್ಲಾಸಿಗೆ ಹಾಕಿದೀನಿ. ಅಲ್ಲಿನ ಸರ್ ಮೊದಲನೇ ದಿನ ಇವನ ಕೈಲಿ ಎರಡು ಕಟಾ (ಒಬ್ಬರೇ ಕ್ರಮವಾಗಿ ಮಾಡೋ ಹೊಡೆತ-ತಡೆಗಳ ಸರಣಿ) ಮಾಡಿಸಿ ನೋಡಿದ್ರು. ಬೈಯ್ಲಿಲ್ಲ, ನಗ್ಲೂ ಇಲ್ಲ. "ಈ ಬೆಲ್ಟ್ ಬ್ಯಾಗಲ್ಲಿಡು, ನಾಳೆಯಿಂದ ಬಿಳಿ ಕಟ್ಕೊಂಡು ಬಾ, ಕೊನೇ ಸಾಲು" ಅಂದ್ರು ಅಷ್ಟೇ. ಇವನು ಮನೆಗೆ ಬಂದವನೇ ಡ್ರೆಸ್ ಬಿಚ್ಚಿ ಮಂಚದ ಕೆಳಗೆ ಒಗೆದ. ಅಲ್ಲಿ ಗ್ರೀನ್ ಬೆಲ್ಟ್ ಹುಡುಗಿ ಒಬ್ಬಳು ಇವನಿಗೆ ಕಾಲು ಇನ್ನೂ ಅಗಲ ಇಡು ಅಂದಳಂತೆ. "ನಾನು ಬ್ರೌನು, ನೀನು ಗ್ರೀನು, ನೀನ್ಯಾರು ನಂಗೆ ಹೇಳೋಕೆ" ಅಂದು ಬಂದಿದಾನೆ. ಹಳೇ ಕ್ಲಾಸಲ್ಲಿ ಬಿಳಿ ಬೆಲ್ಟಿನ ಚಿಕ್ಕ ಮಕ್ಕಳ ಕೈಲಿ ಇವನು ಬ್ಯಾಗ್ ಹೊರಿಸ್ತಿದ್ದ. ನಾನು ಅದನ್ನ ಪ್ರೀತಿ ಅಂದ್ಕೊಂಡಿದ್ದೆ.

ಸರ್ ಹತ್ರ ಹೋಗಿ ವಾದ ಮಾಡಲೋ, ಕ್ಲಾಸ್ ಬದಲಿಸಲೋ, ಬೈದು ಕಳಿಸಲೋ? ಅಹಂಕಾರ ಸರ್‌ದೋ ನನ್ನ ಮಗಂದೋ ಅಂತಾನೇ ಗೊತ್ತಾಗ್ತಿಲ್ಲ.

ಕೆ.ಟಿ.ಜೆ. ನಗರದಿಂದ ಒಬ್ಬರು

ಫ್ಲೆಕ್ಸಲ್ಲಿ ಯಾರ್ಯಾರ ಫೋಟೋ ಇತ್ತು ಅಣ್ಣಾ?

ಕೇಳಿದವರು

ಮಗಂದು ದೊಡ್ಡದು. ಕೆಳಗೆ ಶುಭ ಕೋರುವವರು ಅಂತ ನಂದು, ನಮ್ಮಣ್ಣಂದು, ಫ್ರೆಂಡ್ಸ್ ಇಬ್ಬರದು.

ಕೆ.ಟಿ.ಜೆ. ನಗರದಿಂದ ಒಬ್ಬರು

ಹಂಗಾದ್ರೆ ಬ್ರೌನ್ ಬೆಲ್ಟ್ ಐದು ಜನಕ್ಕೆ ಬಂದಿದೆ. ಬಿಚ್ಚೋದು ಹುಡುಗ ಒಬ್ಬನೇ ಅಂದ್ರೆ ಅವನಿಗೆ ಸಿಟ್ಟು ಬರಲ್ವಾ? ಬೇಜಾರಾಗಬೇಡಿ, ನಾನೂ ಮಗಳ ಭರತನಾಟ್ಯಕ್ಕೆ ಹಾಕಿಸಿದವನೇ.

ಮೂಲ ದಾವಣಗೆರೆ, ಈಗ ಬೆಂಗಳೂರಲ್ಲಿರೋರು

ನಿಮ್ಮ ಮಗ ಹನ್ನೆರಡನೇ ವಯಸ್ಸಿಗೆ ಅನುಭವಿಸ್ತಿರೋದನ್ನ ನಾನು ಮೂವತ್ತನಾಲ್ಕಕ್ಕೆ ಅನುಭವಿಸಿದೆ. ಸ್ವಲ್ಪ ಉದ್ದ ಬರೀತೀನಿ.

ನಾನು ದಾವಣಗೆರೆಯಲ್ಲಿ ಕಲಿತಿದ್ದು ಶಾಲೆ ಮೈದಾನದಲ್ಲಿ, ಬರಿಗಾಲಲ್ಲಿ, ಜಲ್ಲಿಕಲ್ಲು ಚುಚ್ಕೊಂಡು. ಹತ್ತೊಂಬತ್ತಕ್ಕೆ ಬ್ಲ್ಯಾಕ್ ಬೆಲ್ಟ್. ಆಮೇಲೆ ಕೆಲಸ, ಮದುವೆ, ಹೊಟ್ಟೆ. ಹದಿನೈದು ವರ್ಷ ಬಿಟ್ಟು ಮತ್ತೆ ಕಲಿಯೋಣ ಅಂತ ಇಲ್ಲಿ ಒಂದು ಕ್ಲಾಸಿಗೆ ಹೋದೆ. ಶೈಲಿ ಬೇರೆ. ಹಳೇ ಕರಿ ಬೆಲ್ಟನ್ನ ಇಸ್ತ್ರಿ ಮಾಡಿಸಿ ತಗೊಂಡು ಹೋಗಿದ್ದೆ, ಹೌದು, ಬೆಲ್ಟಿಗೆ ಇಸ್ತ್ರಿ. ಸೆನ್ಸೈ, ಅಂದ್ರೆ ಅಲ್ಲಿನ ಗುರು, ಕೇಳ್ಲೂ ಇಲ್ಲ. ನಾನೇ ನಾಚಿಕೆಯಾಗಿ ಬಿಳಿ ಕೊಂಡೆ.

ಮೊದಲ ವಾರ ನನ್ನ ಪಕ್ಕ ನಿಲ್ಲಿಸಿದ್ದು ಹದಿನೈದರ ಒಂದು ಹುಡುಗಿಯನ್ನ. ಅವಳು ನನ್ನ ಮುಷ್ಟಿ ನೋಡ್ಲಿಲ್ಲ, ಹಿಂದಿನ ಕಾಲಿನ ಹಿಮ್ಮಡಿ ನೋಡಿದ್ಲು. ಹೊಡೆತ ಬಿಡುವಾಗ ನನ್ನ ಹಿಮ್ಮಡಿ ನೆಲ ಬಿಟ್ಟು ಏಳ್ತಿತ್ತು. "ಅಂಕಲ್, ಇಲ್ಲಿ ಒಂದು ಬೆರಳು ತೂರತ್ತೆ" ಅಂತ ಬಗ್ಗಿ ನಿಜವಾಗ್ಲೂ ಹಿಮ್ಮಡಿ ಕೆಳಗೆ ಬೆರಳು ತೂರಿಸಿ ತೋರಿಸಿದ್ಲು. ಹತ್ತೊಂಬತ್ತನೇ ವಯಸ್ಸಿಂದ ಆ ತಪ್ಪು ನನ್ನ ಜೊತೆಗೇ ಇತ್ತು. ಕರಿ ಬೆಲ್ಟ್ ಕಟ್ಟಿದ ಮೇಲೆ ಯಾರೂ ನನ್ನ ಕಾಲು ನೋಡೋದು ಬಿಟ್ಟಿದ್ರು, ನಾನೂ ಯಾರಿಗೂ ತೋರಿಸ್ತಿರಲಿಲ್ಲ. ನಿಮ್ಮ ಹುಡುಗನಿಗೆ ಆ ಗ್ರೀನ್ ಬೆಲ್ಟ್ ಹುಡುಗಿ ಹೇಳಿದ್ದೂ ಕಾಲಿನ ವಿಷಯಾನೇ ನೋಡಿ. ಪುಣ್ಯವಂತ, ಬೇಗ ಹೇಳೋರು ಸಿಕ್ಕಿದಾರೆ.

ಇನ್ನೊಂದು, ಅವನಿಗೆ ಬೆಲ್ಟಿನ ಕಥೆ ಹೇಳಿ, ಉಪದೇಶ ಬೇಡ. ಈ ಬಣ್ಣಗಳು ಕರಾಟೆಯಲ್ಲಿ ಹುಟ್ಟಿದ್ದೇ ಅಲ್ಲ. ಜೂಡೋ ಕಟ್ಟಿದ ಜಿಗೊರೊ ಕಾನೊ 1883ರಲ್ಲಿ ತನ್ನ ಇಬ್ಬರು ಶಿಷ್ಯರಿಗೆ ಡಾನ್ ದರ್ಜೆ, ಅಂದ್ರೆ ಈಗ ಕರಿ ಬೆಲ್ಟಿನವರಿಗೆ ಇರೋ ದರ್ಜೆ, ಕೊಟ್ಟ. ಕರಿ ಬೆಲ್ಟ್ ಕಟ್ಟೋ ರೂಢಿ ಬಂದಿದ್ದು ಅದಾದ ಮೇಲೆ. ಒಕಿನಾವಾದಲ್ಲಿ ಶಾಲೆ ಮೇಷ್ಟ್ರಾಗಿದ್ದ ಗಿಚಿನ್ ಫುನಾಕೋಷಿ 1922ರಲ್ಲಿ ಟೋಕಿಯೋಗೆ ಬಂದು ಕರಾಟೆ ತೋರಿಸಿದಾಗ ಅವನಿಗೆ ಐವತ್ತು ದಾಟಿತ್ತು. ಕಾನೊನ ಪದ್ಧತಿ ನೋಡಿ 1924ರಲ್ಲಿ ತನ್ನ ಶಿಷ್ಯರಿಗೆ ಮೊದಲ ಸಲ ಡಾನ್ ಕೊಟ್ಟ. ಅಂದ್ರೆ ಒಕಿನಾವಾದ ಹಳೇ ಗುರುಗಳು ಬದುಕಿಡೀ ಕಲಿತು ಕಲಿಸಿದ್ದು ಯಾವ ಬೆಲ್ಟೂ ಇಲ್ಲದೆ. ಹಳದಿ, ಕಿತ್ತಳೆ, ಹಸಿರು ಇವೆಲ್ಲ ಯುರೋಪಿನ ಜೂಡೋ ಕ್ಲಾಸುಗಳಲ್ಲಿ 1930ರ ದಶಕದಲ್ಲಿ ಹಬ್ಬಿದ್ದು, ಪ್ಯಾರಿಸ್‌ನಲ್ಲಿ ಕಲಿಸ್ತಿದ್ದ ಕವಾಯಿಷಿ ಅನ್ನೋನ ಹೆಸರು ಇದಕ್ಕೆ ಅಂಟಿಕೊಂಡಿದೆ. ದೂರದ ಗುರಿಗೆ ಕಾಯೋ ತಾಳ್ಮೆ ಕಲಿಯೋರಿಗೆ ಇರಲ್ಲ, ನಡುವೆ ಮೆಟ್ಟಿಲು ಬೇಕಾಗತ್ತೆ. ನಿಮ್ಮ ಮಗ ಹತ್ತಿದ್ದು ಅಂಥ ಮೆಟ್ಟಿಲುಗಳನ್ನ, ತಪ್ಪೇನಿಲ್ಲ. ಮೆಟ್ಟಿಲ ಮೇಲೆ ಕುರ್ಚಿ ಹಾಕ್ಕೊಂಡು ಕೂತಿದಾನೆ ಅಷ್ಟೇ.

ಮೊದಲನೇ ಡಾನ್‌ಗೆ ಶೋದಾನ್ ಅಂತಾರೆ. ಅದರಲ್ಲಿರೋ ಶೋ ಅಂದ್ರೆ ಆರಂಭ. ಬ್ರೌನ್ ಬೆಲ್ಟ್ ಅಂದ್ರೆ ಇನ್ನೂ ಆರಂಭವೂ ಆಗಿಲ್ಲ ಅಂತ! ಇದನ್ನ ನಮ್ಮ ಹಳೇ ಮಾಸ್ಟರ್ ಹೇಳಿದ್ರೆ ನಾನು ಹತ್ತೊಂಬತ್ತರಲ್ಲಿ ಕೇಳ್ತಿದ್ನಾ ಅಂದ್ರೆ, ಇಲ್ಲ.

(ಬಿಳಿ ಬೆಲ್ಟು ಒಗೆಯದೇ ಕೊಳೆಯಾಗಿ ಕರಿ ಆಯ್ತು ಅನ್ನೋ ಕಥೆ ಯಾರಾದ್ರೂ ಇಲ್ಲಿ ಹಾಕೋ ಮೊದಲೇ ಹೇಳ್ತೀನಿ, ಅದು ಚೆಂದದ ಕಥೆ ಮಾತ್ರ. ಉಲ್ಟಾ ಆಗೋದು ನಿಜ. ಕರಿ ಬೆಲ್ಟು ವರ್ಷಗಟ್ಟಲೆ ಕಟ್ಟಿದ್ರೆ ಗಂಟಿನ ಜಾಗದಲ್ಲಿ ಮೇಲಿನ ಬಟ್ಟೆ ಸವೆದು ಒಳಗಿನ ಬಿಳಿ ಹತ್ತಿ ಕಾಣ್ಸತ್ತೆ. ನಂದು ಹಂಗೆ ಸವೆದಿಲ್ಲ. ಇಸ್ತ್ರಿ ಬೆಲ್ಟು ತಾನೇ.)

ಚಿತ್ರದುರ್ಗದಿಂದ, ಹೆಣ್ಣುಮಕ್ಕಳಿಗೆ ಕಲಿಸೋರು

ಎಲ್ಲರೂ ಹುಡುಗನ ಮೇಲೇ ಬಿದ್ರಿ. ನಾನು ಸ್ವಲ್ಪ ಸರ್ ಕಡೆ ನೋಡ್ತೀನಿ. ಹದಿನಾರು ವರ್ಷದಿಂದ ಕಲಿಸ್ತಿದೀನಿ, ಹೊರಗಿಂದ ಬಂದವರಿಗೆ ಬಿಳಿ ಕಟ್ಟಿಸೋರಲ್ಲಿ ಎರಡು ಥರದವರನ್ನ ನೋಡಿದೀನಿ.

ಒಬ್ಬರು ನಿಜಕ್ಕೂ ಪಾಯ ನೋಡೋರು. ಇನ್ನೊಬ್ಬರಿಗೆ ಬಿಳಿ ಅಂದ್ರೆ ಹಳದಿಯಿಂದ ಬ್ರೌನ್‌ವರೆಗೆ ಮತ್ತೆ ಪ್ರತಿ ಟೆಸ್ಟಿನ ಫೀಸು. ನನ್ನನ್ನೇ ಒಬ್ಬರು ಹಂಗೆ ಮಾಡಿದ್ರು, ಹೆಸರು ಬೇಡ. ಶೈಲಿ ಬದಲಾಯ್ತು ಅಂತ ಮೊದಲಿಂದ ಏಳು ಟೆಸ್ಟ್ ಕಟ್ಟಿಸಿಕೊಂಡ್ರು, ಏಳರಲ್ಲೂ ಅದೇ ಕಟಾ ಕೇಳಿದ್ರು, ಒಂದು ಸಲಾನೂ ತಪ್ಪು ತಿದ್ದಲಿಲ್ಲ. ಸಾಲಲ್ಲಿ ಹಿಂದೆ ನಿಂತು ನಾನು ವಿನಯ ಕಲಿತೆ ಅಂತ ಅಂದ್ಕೊಂಡಿದ್ದೆ. ಕಲಿತಿದ್ದು ರಸೀದಿ ಎತ್ತಿಡೋದು.

ಅದಕ್ಕೇ ಹೇಳೋದು, ಹೋಗಿ ಮಾತಾಡಿ ಸರ್, ವಾದ ಬೇಡ. ಎಷ್ಟು ದಿನ ಬಿಳಿ? ಆಮೇಲೆ ಅವನ ಮಟ್ಟ ನೋಡಿ ಒಂದೇ ಸಲ ಸರಿಯಾದ ಬೆಲ್ಟಿಗೆ ಕೂರಿಸ್ತೀರೋ, ಒಂದೊಂದೇ ಟೆಸ್ಟೋ? ಅವನ ಕಟಾದಲ್ಲಿ ಏನು ಕಮ್ಮಿ ಅನಿಸ್ತು? ಒಳ್ಳೇ ಮಾಸ್ಟರ್ ಆದ್ರೆ ಮೂರನೇದಕ್ಕೆ ಕೂತು ವಿವರವಾಗಿ ಉತ್ತರ ಕೊಡ್ತಾರೆ. ಫೀಸಿನ ಮಾಸ್ಟರ್ ಆದ್ರೆ ಮೊದಲನೇದಕ್ಕೇ ಸಿಡುಕ್ತಾರೆ.

ಇನ್ನೊಂದು ಸುಲಭದ ಗುರುತು. ಕ್ಲಾಸ್ ಶುರುವಾಗುವಾಗ ಮಕ್ಕಳೆಲ್ಲ ಬಗ್ಗಿ ವಂದನೆ ಮಾಡ್ತಾರಲ್ಲ, ಆಗ ಸರ್ ಏನು ಮಾಡ್ತಾರೆ ನೋಡಿ. ಪೂರ್ತಿ ಬಗ್ತಾರಾ, ಬರೀ ಗದ್ದ ಅಲ್ಲಾಡಿಸ್ತಾರಾ, ಆ ಹೊತ್ತಲ್ಲಿ ಮೊಬೈಲ್ ನೋಡ್ತಿರ್ತಾರಾ? ಮಕ್ಕಳು ಅದನ್ನೇ ಕಲಿಯೋದು. ನಿಮ್ಮ ಮಗ ಚಿಕ್ಕವರ ಕೈಲಿ ಬ್ಯಾಗ್ ಹೊರಿಸ್ತಿದ್ದ ಅಂದ್ರಲ್ಲ, ಹಳೇ ಮಾಸ್ಟರ್ ಬ್ಯಾಗನ್ನ ಯಾರು ಹೊರ್ತಿದ್ರು, ಅವನನ್ನೇ ಕೇಳಿ ನೋಡಿ.

ಬೆಲ್ಟಿನ ಬಣ್ಣದ ಕ್ರಮವೂ ಎಲ್ಲ ಕಡೆ ಒಂದೇ ಅಲ್ಲ. ಒಬ್ಬರ ಹತ್ರ ಹಸಿರು ಮೊದಲು ಬಂದ್ರೆ ಇನ್ನೊಬ್ಬರ ಹತ್ರ ನೀಲಿ ಮೊದಲು. ಬ್ರೌನ್ ಅಂತ ಕೊಡೋದೇ ಮೂರು ಹಂತ ಇರತ್ತೆ ಎಷ್ಟೋ ಕಡೆ. ಹಂಗಾಗಿ ಸರ್ಟಿಫಿಕೇಟಲ್ಲಿ ಎಷ್ಟನೇ ಕ್ಯೂ (ಕರಿ ಬೆಲ್ಟಿಗಿಂತ ಕೆಳಗಿನ ದರ್ಜೆ) ಅಂತ ಇದೆ ಅನ್ನೋದೂ ನೋಡ್ಕೊಂಡು ಹೋಗಿ. ಕ್ಯೂ ಲೆಕ್ಕ ಮೇಲಿಂದ ಕೆಳಗೆ ಇಳಿಯತ್ತೆ, ಹತ್ತರಿಂದ ಒಂದಕ್ಕೆ.

ಹಳೇ ದಾವಣಗೆರೆಯಿಂದ ಒಬ್ಬರು

ನಂಗೆ ಕರಾಟೆ ಗೊತ್ತಿಲ್ರಿ, ನಮ್ದು ಗರಡಿ. ನಮ್ಮಜ್ಜ ಪೈಲ್ವಾನ್. ಗರಡಿ ಒಳಗೆ ಬೆಲ್ಟ್ ಇಲ್ಲ, ಎಲ್ಲರಿಗೂ ಒಂದೇ ಲಂಗೋಟಿ, ಹಂಗಂತ ಸೊಕ್ಕು ಇರ್ಲಿಲ್ಲ ಅಂತ ಮಾತ್ರ ಅನ್ಕಬೇಡ್ರಿ. ದುಗ್ಗಮ್ಮನ ಜಾತ್ರೆ ಕುಸ್ತಿಯಲ್ಲಿ ಗೆದ್ದು ಬಂದವನು ಮಂಡಕ್ಕಿ ಅಂಗಡೀಲಿ ದುಡ್ಡು ಕೊಡ್ತಿರ್ಲಿಲ್ಲ. ಜಾತ್ರೆ ಬರೋದು ಎರಡು ವರ್ಷಕ್ಕೊಂದು ಸಲ, ಅಲ್ಲಿ ತನಕ ಮಿರ್ಚಿ ಪುಕ್ಕಟೆ.

ಅಜ್ಜ ಹೇಳ್ತಿದ್ದ, ಗೆದ್ದು ಬಂದೋನಿಗೆ ವಸ್ತಾದ್ ಮಾರನೇ ದಿನ ಏನೂ ಬೈತಿರ್ಲಿಲ್ಲವಂತೆ, ಸಲಿಕೆ ಕೈಗೆ ಕೊಡ್ತಿದ್ನಂತೆ. ಕೆಮ್ಮಣ್ಣು ಪೂರ್ತಿ ಅಗೆದು, ಹೆಂಟೆ ಒಡೆದು, ಎಣ್ಣೆ ಮಜ್ಜಿಗೆ ಹಾಕಿ ಕಲಸಿ ಮೆತ್ತಗೆ ಮಾಡ್ಬೇಕು. ಆ ಮಣ್ಣಲ್ಲಿ ಮೊದಲು ಬೀಳೋರು ಹೊಸ ಹುಡುಗ್ರು. ಹೆಂಟೆ ಉಳಿದ್ರೆ ಅವರ ಬೆನ್ನಿಗೆ ಚುಚ್ಚತ್ತೆ, ಚುಚ್ಚಿದ್ರೆ ಗೆದ್ದೋನಿಗೆ ಮತ್ತೆ ಸಲಿಕೆ. ನಿಮ್ಮ ಹುಡುಗನಿಗೂ ಅಂಥದ್ದೊಂದು ಕೆಲಸ ಕೊಡೋಕೆ ಹೇಳ್ರಿ ಸರ್‌ಗೆ. ಬರೀ ಹಿಂದೆ ನಿಲ್ಸಿದ್ರೆ ಹುಡುಗ ಹಿಂದೆ ನಿಂತೇ ಹಲ್ಲು ಕಡೀತಾನೆ.

ದಾವಣಗೆರೆಯ ಕಾಲೇಜು ಹುಡುಗಿ

ಅಣ್ಣಾ, ನಿಮ್ಮ ಮಗನ್ನ ಒಂದು ಟೂರ್ನಮೆಂಟಿಗೆ ಕರ್ಕೊಂಡು ಹೋಗಿ, ಆಡೋಕಲ್ಲ, ನೋಡೋಕೆ. ಅಂತರರಾಷ್ಟ್ರೀಯ ನಿಯಮದಲ್ಲಿ ನಡೆಯೋ ಕುಮಿತೆಯಲ್ಲಿ, ಅಂದ್ರೆ ಇಬ್ಬರು ಎದುರುಬದುರು ಆಡೋ ಪಂದ್ಯದಲ್ಲಿ, ಯಾರ ದರ್ಜೆಯ ಬೆಲ್ಟೂ ಕಾಣಲ್ಲ. ಒಬ್ಬರಿಗೆ ಕೆಂಪು, ಒಬ್ಬರಿಗೆ ನೀಲಿ ಅಷ್ಟೇ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಲ್ಲೂ ಹಂಗೇ, ಚಿನ್ನ ಗೆದ್ದೋರೂ ಕಟ್ಟಿದ್ದು ಕೆಂಪೋ ನೀಲಿಯೋ.

ನಾನು ಹತ್ತನೇ ಕ್ಲಾಸಲ್ಲಿ ಬ್ರೌನ್ ಇದ್ದಾಗ ಪಂದ್ಯದಲ್ಲಿ ಒಬ್ಬ ಹಾಸ್ಟೆಲ್ ಹುಡುಗಿ ನಂಗೆ ಎದುರಾಳಿಯಾಗಿ ಬಂದ್ಲು. ವಾರ್ಮಪ್ ಹೊತ್ತಲ್ಲಿ ಅವಳ ಸೊಂಟದಲ್ಲಿ ಹಳದಿ ಬೆಲ್ಟ್ ನೋಡಿ ಅಮ್ಮನಿಗೆ "ಐದು ನಿಮಿಷ, ದೋಸೆಗೆ ಹೋಗೋಣ" ಅಂದಿದ್ದೆ. ಅವಳು ಬಾಗಿ ವಂದನೆ ಮಾಡಿದ್ಲು, ನಾನು ತಲೆ ಆಡಿಸಿದೆ. ತಲೆಗೆ ಒದೆ ಬಿದ್ರೆ ಮೂರು ಪಾಯಿಂಟ್. ಅವಳು ಎರಡು ಸಲ ಎಡಗಾಲಲ್ಲಿ ಒಂದೇ ಥರ ಒದ್ದಳು, ಎರಡು ಸಲಾನೂ ನಾನು ಬಲಗಾಲು ನೋಡ್ತಿದ್ದೆ. ಆಮೇಲೆ ಎರಡು ಗುದ್ದು. ಎಂಟು ಪಾಯಿಂಟ್ ಅಂತರ ಆದ್ರೆ ಅಲ್ಲಿಗೇ ಮುಗೀತು, ಐದು ನಿಮಿಷಾನೂ ಬೇಕಾಗ್ಲಿಲ್ಲ. ದೋಸೆ ತಿಂದ್ವಿ. ಬೆಣ್ಣೆ ಜಾಸ್ತಿ ಹಾಕಿಸಿಕೊಟ್ರು ಅಮ್ಮ, ಒಂದು ಮಾತೂ ಆಡ್ಲಿಲ್ಲ.

ಕೇಳಿದವರು, ಹತ್ತು ದಿನ ಆದ ಮೇಲೆ

ಬರೆದವರಿಗೆಲ್ಲ ಥ್ಯಾಂಕ್ಸ್. ಸರ್ ಹತ್ರ ಹೋಗಿದ್ದೆ. ದುರ್ಗದ ಮೇಡಂ ಹೇಳಿದ ಮೂರೂ ಪ್ರಶ್ನೆ ಕೇಳಿದೆ. ಮೂರು ತಿಂಗಳು ನೋಡಿ ಒಂದೇ ಟೆಸ್ಟಲ್ಲಿ ಅವನ ಮಟ್ಟಕ್ಕೆ ಕೂರಿಸ್ತಾರಂತೆ, ಬಹುಶಃ ಹಸಿರು ಅಂದ್ರು. ಏನು ಕಮ್ಮಿ ಅಂದಿದ್ದಕ್ಕೆ ಎದ್ದು ನಿಂತು ನನ್ನನ್ನೇ ಮುಂದಿನ ಮಂಡಿ ಬಗ್ಗಿಸಿ ನಿಲ್ಲಿಸಿ ತೋರಿಸಿದ್ರು. ಎರಡು ನಿಮಿಷಕ್ಕೆ ತೊಡೆ ನಡುಗಿತು. ಅವರ ಆಫೀಸ್ ರೂಮಲ್ಲಿ, ಪ್ಯಾಂಟು ಶರ್ಟಲ್ಲಿ. ಮಗ ಬಾಗಿಲಲ್ಲಿ ನಿಂತು ನೋಡ್ತಿದ್ದ, ನಕ್ಕ. "ಅಪ್ಪಾ, ಹಿಮ್ಮಡಿ ಏಳ್ತೈತೆ" ಅಂದ. ಬೆಂಗಳೂರಿನವರು ಬರೆದಿದ್ದನ್ನ ನನ್ನ ಮೊಬೈಲಲ್ಲಿ ಓದಿದಾನೆ ಅಂತ ಆಗ ಗೊತ್ತಾಯ್ತು.

ಹಳೇ ಮಾಸ್ಟರ್ ಬ್ಯಾಗ್ ಯಾರು ಹೊರ್ತಿದ್ರು ಅಂತಾನೂ ಕೇಳಿದೆ. "ನಾನೇ" ಅಂದ.

ಸರ್ ಅವನಿಗೆ ಶನಿವಾರ ಅರ್ಧ ಗಂಟೆ ಮುಂಚೆ ಬಂದು ಹೊಸ ಮಕ್ಕಳಿಗೆ ಬೆಲ್ಟ್ ಕಟ್ಟೋದು ಹೇಳಿಕೊಡು ಅಂದಿದಾರೆ. ಗಂಟು ಬಿದ್ದ ಮೇಲೆ ಎರಡು ತುದಿ ಸಮ ಇರಬೇಕಂತೆ. ಮೊನ್ನೆ ಒಂದು ಆರು ವರ್ಷದ ಮಗೂಗೆ ಐದು ಸಲ ಕಟ್ಟಿದನಂತೆ, ಐದು ಸಲಾನೂ ಒಂದು ತುದಿ ಗಿಡ್ಡ. ಕೊನೆಗೆ ಆ ಗ್ರೀನ್ ಬೆಲ್ಟ್ ಹುಡುಗಿ ಬಂದು, ಬೆಲ್ಟಿನ ಮಧ್ಯ ಹುಡುಕಿ ಹೊಕ್ಕುಳಿಗೆ ಇಟ್ಟು ಶುರು ಮಾಡಬೇಕು ಅಂದಳಂತೆ. ಈ ಸಲ ನೀನ್ಯಾರು ಅಂತ ಕೇಳಿದ್ಯಾ ಅಂದೆ. ಉತ್ತರ ಕೊಡ್ಲಿಲ್ಲ, ಊಟ ಮಾಡ್ತಿದ್ದ.

ಪೂರ್ತಿ ಸರಿ ಹೋಗಿಲ್ಲ. ಬ್ರೌನ್ ಬೆಲ್ಟ್ ಈಗಲೂ ಬ್ಯಾಗಲ್ಲೇ ಇರತ್ತೆ, ಕ್ಲಾಸಿಗೆ ಹೋಗುವಾಗ ಜಿಪ್ ತೆಗೆದು ಒಂದು ಸಲ ನೋಡ್ಕೊಂಡು ಹೋಗ್ತಾನೆ. ನೋಡ್ಕೊಳ್ಲಿ ಬಿಡಿ. ಫ್ಲೆಕ್ಸನ್ನ ಮಾತ್ರ ನಾನೇ ಇಳಿಸಿ ಮಾಳಿಗೆ ಮೇಲಿನ ಸೌದೆಗೆ ಹೊದಿಸಿದೀನಿ, ಫೋಟೋ ಒಳಗಡೆ ಮಾಡಿ.

ಒಂದು ಸಹಾಯ ಆಗ್ಬೇಕು. ಒಂಬತ್ತು ವರ್ಷದಲ್ಲಿ ತಂದಿದ್ದ ಬಿಳಿ ಬೆಲ್ಟು ಈಗ ಅವನ ಸೊಂಟಕ್ಕೆ ಎರಡು ಸುತ್ತು ಬರ್ತಿಲ್ಲ. ಸದ್ಯಕ್ಕೆ ಸರ್ ಕೊಟ್ಟಿದ್ದು ಕಟ್ತಿದಾನೆ. ದೊಡ್ಡ ಸೈಜಿಂದು, ಬರೀ ಬೆಲ್ಟ್, ಡ್ರೆಸ್ ಸೆಟ್ ಬೇಡ, ದಾವಣಗೆರೆಯಲ್ಲಿ ಯಾವ ಸ್ಪೋರ್ಟ್ಸ್ ಅಂಗಡೀಲಿ ಬಿಡಿಯಾಗಿ ಕೊಡ್ತಾರೆ, ಗೊತ್ತಿದ್ದವರು ಹೇಳಿ.