ಕೇಪ್ ಪೆನಿನ್ಸುಲಾ ಒಂದು ದಿನದ ಸುತ್ತು: ಟೂರ್ ಬಸ್ಸೋ, ಖಾಸಗಿ ಗೈಡೋ, ನಾವೇ ಕಾರು ಓಡಿಸೋದೋ?

ಜಯನಗರದವರು:
ದಸರಾ ರಜೆಗೆ, ಅಕ್ಟೋಬರ್ ಮೊದಲ ವಾರ, ದಕ್ಷಿಣ ಆಫ್ರಿಕಾದ ಕೇಪ್‌ಟೌನಿಗೆ ಹೊರಟಿದ್ದೇವೆ. ನಾನು, ಹೆಂಡತಿ, 9 ಮತ್ತು 6 ವರ್ಷದ ಮಕ್ಕಳು, ಜೊತೆಗೆ ಅಮ್ಮ. ಅಮ್ಮನಿಗೆ 70, ಮಂಡಿ ನೋವು, ಮೆಟ್ಟಿಲು ಹತ್ತೋಕಾಗಲ್ಲ, ಈರುಳ್ಳಿ ಬೆಳ್ಳುಳ್ಳಿನೂ ತಿನ್ನಲ್ಲ. ಚಿಕ್ಕವಳಿಗೆ ಘಾಟಿ ರಸ್ತೆಯಲ್ಲಿ ವಾಂತಿ ಆಗುತ್ತೆ. ಊರಿಂದ ದಕ್ಷಿಣಕ್ಕೆ ಸಮುದ್ರದೊಳಗೆ ಚಾಚಿರೋ ಕೇಪ್ ಪೆನಿನ್ಸುಲಾಗೆ ಇರೋದು ಒಂದೇ ದಿನ. ಗೈಡ್ ಇರೋ ಟೂರ್ ತಗೊಳ್ಳೋದೋ, ಬಾಡಿಗೆ ಕಾರೋ? ಹೋಗಿ ಬಂದವರು ದಯವಿಟ್ಟು ಅನುಭವ ಹಂಚಿಕೊಳ್ಳಿ.

ವಿದ್ಯಾರಣ್ಯಪುರ:
ಗುಂಪಿನ ಬಸ್ ಬುಕ್ ಮಾಡೋ ಮುಂಚೆ "ಸೇರಿಲ್ಲ" ಅನ್ನೋ ಪಟ್ಟಿ ಓದಿ. ದೊಡ್ಡ ಅಕ್ಷರದಲ್ಲಿ ಕಾಣೋದು ಸೀಟಿನ ದರ ಮಾತ್ರ. ತುದಿಯಲ್ಲಿರೋ ಕೇಪ್ ಪಾಯಿಂಟ್ ಪ್ರವೇಶ, ಬೋಲ್ಡರ್ಸ್ ಬೀಚಿನ ಪೆಂಗ್ವಿನ್ ಪ್ರವೇಶ, ಸೀಲ್ ಅನ್ನೋ ಕಡಲ ಪ್ರಾಣಿ ನೋಡೋ ದೋಣಿ, ಗುಡ್ಡ ಹತ್ತಿಸೋ ಫ್ಯುನಿಕ್ಯುಲರ್ ರೈಲು, ಊಟ, ಟಿಪ್ಸ್ ಎಲ್ಲಾ ಬೇರೆ. 2023ರ ನವೆಂಬರಿನಿಂದ ಒಂದು ವರ್ಷ ನಡೆದ ದರದಲ್ಲೇ ಲೆಕ್ಕ ಹಾಕಿ: ವಿದೇಶಿ ದೊಡ್ಡವರಿಗೆ ಕೇಪ್ ಪಾಯಿಂಟ್ 400 ರ‍್ಯಾಂಡ್, ಬೋಲ್ಡರ್ಸ್ 190, ಮಕ್ಕಳಿಗೆ ಅರ್ಧ. ಅಮ್ಮನ್ನ ಬಿಟ್ಟು ಇಬ್ಬರು ದೊಡ್ಡವರು, ಎರಡು ಮಕ್ಕಳು ಅಂದ್ರೆ 1,200 ಮತ್ತು 570, ಒಟ್ಟು 1,770. ರ‍್ಯಾಂಡಿಗೆ ನಾಲ್ಕೂವರೆ ರೂಪಾಯಿ ಹಿಡಿದರೂ ಹತ್ತಿರ ಹತ್ತಿರ 8 ಸಾವಿರ, ಬರೀ ಗೇಟಿಗೆ! ದೋಣಿ, ರೈಲು ಇನ್ನೂ ಬಾಕಿ.

ದುಡ್ಡಿಗಿಂತ ಹೊಟ್ಟೆ ಉರಿಸೋದು ಸಮಯ. ಹೋಟೆಲಿಂದ ಹೋಟೆಲಿಗೆ ಜನ ಹತ್ತಿಸಿಕೊಳ್ಳೋದ್ರಲ್ಲೇ ಒಂದು ಗಂಟೆ ಕೈಬಿಡುತ್ತೆ. ಹೌಟ್ ಬೇಯಲ್ಲಿ ದೋಣಿ ಹತ್ತದವರೂ ಧಕ್ಕೆ ಮೇಲೆ ಕಾಯ್ತಾ ನಿಲ್ಲಬೇಕು. ಊಟಕ್ಕೆ ಗುಂಪಿನ ಜೊತೆ ಒಂದು ಗಂಟೆ. ಕೊನೆಗೆ ಕೇಪ್ ಪಾಯಿಂಟಿನಲ್ಲಿ "ಒಂದೂವರೆ ಗಂಟೆ, ಎಲ್ಲರೂ ಬಸ್ಸಿಗೆ ವಾಪಸ್" ಅಂತಾರೆ, ಅದ್ರಲ್ಲಿ ಅರ್ಧ ರೈಲಿನ ಸಾಲಿಗೇ ಹೋಗುತ್ತೆ. ಸಂಜೆ ಬೆಳಕು ಚೆನ್ನಾಗಿರೋ ಹೊತ್ತಿಗೆ ನೀವು ಸಿಟಿ ಟ್ರಾಫಿಕ್ಕಿನಲ್ಲಿರ್ತೀರಿ.

ಧಾರವಾಡ ಮಂದಿ:
ಬಾಡಿಗಿ ಕಾರ್ ತಗೋರಿ, ಮಾತೇ ಬ್ಯಾಡ. ಅಲ್ಲೂ ನಮ್ಮಂಗ ಎಡಕ್ಕ ಓಡಸೂದು. ಇಂಗ್ಲಿಷಿನ್ಯಾಗ ಅಚ್ಚಾದ, ಫೋಟೊ, ಸಹಿ ಇರೋ ನಮ್ಮ ಲೈಸನ್ಸ್ ನಡೀತದ. ಸಿಕ್ಕಿಬೀಳೂದು ಬ್ಯಾರೆ ಕಡೆ, ಕೇಳ್ರಿ. ಕ್ರೆಡಿಟ್ ಕಾರ್ಡ್ ಓಡಸಾವ್ರ ಹೆಸರಿನ್ಯಾಗ ಇರಬೇಕು, ಅದರ ಮ್ಯಾಲೆ ದೊಡ್ಡ ಮೊತ್ತ ತಡೆಹಿಡೀತಾರ. ಆ ಮಿತಿ ಮೊದಲ ನೋಡ್ಕೋರಿ. ಇನ್ಶೂರೆನ್ಸ್ "ಫುಲ್" ಅಂದ್ರೂ ಟೈರು, ಗಾಜು ಸೇರ‍್ಯಾವೋ ಇಲ್ಲೋ ಕೇಳ್ರಿ. ಆಟೊಮ್ಯಾಟಿಕ್ ಗಾಡಿ ತುಟ್ಟಿ, ಮೊದಲ ಹೇಳಿಡದಿದ್ರ ಗೇರಿನ ಗಾಡೀನ ಕೊಡ್ತಾರ. ಪಾರ್ಕಿಂಗಿನ್ಯಾಗ ಹೊಳಿಯೋ ಜಾಕೀಟ್ ಹಾಕ್ಕೊಂಡು ಗಾಡಿ ಕಾಯಾವ್ರಿಗೆ ಚಿಲ್ಲರ ಇಟ್ಕೋರಿ. ರಿಮೋಟ್ ಒತ್ತಿ ಹಂಗ ಹೋಗಬ್ಯಾಡ್ರಿ, ಸಿಗ್ನಲ್ ತಡಿಯೋ ಕಳ್ಳರದಾರ. ಕೈಯಿಂದ ಬಾಗಲಾ ಎಳದು ನೋಡಿ ಹೋಗ್ರಿ.

ಇನ್ನ ದಾರಿ. ಟೂರ್ ಬಸ್ಸು ಬಹುತೇಕ ಅಪ್ರದಕ್ಷಿಣ ಹೋಗ್ತಾವು: ಕ್ಯಾಂಪ್ಸ್ ಬೇ, ಹೌಟ್ ಬೇ, ಚಾಪ್‌ಮನ್ಸ್ ಪೀಕ್ ಘಾಟಿ, ಕೇಪ್ ಪಾಯಿಂಟ್, ಆಮ್ಯಾಲ ಪೆಂಗ್ವಿನ್. ನೀವು ಪ್ರದಕ್ಷಿಣ ಹೋಗ್ರಿ, ಗುಡ್ಡ ಬಲಕ್ಕ ಇಟ್ಕೊಂಡು. ಮುಂಜಾನಿ ಏಳೂವರಿಗೆ ಬಿಟ್ರ ಎಂ3 ರಸ್ತೇದಾಗ ಟ್ರಾಫಿಕ್ ಎಲ್ಲಾ ಊರೊಳಗ ಬರೂದಿರ್ತದ, ನಿಮ್ಮ ಕಡೆ ಖಾಲಿ. ಬೋಲ್ಡರ್ಸ್ ಅಕ್ಟೋಬರಿನ್ಯಾಗ 8ಕ್ಕ ತಗೀತದ, ಬಸ್ಸಿನ ಮಂದಿ ಬರೋದ್ರಾಗ ಪೆಂಗ್ವಿನ್ ಮುಗಿಸಿರ್ತೀರಿ. ಬೋಲ್ಡರ್ಸ್ ಇರೋ ಫಾಲ್ಸ್ ಬೇ ದಂಡಿ ಮೂಡಣಕ್ಕ ಮುಖ, ಅಲ್ಲಿ ಬೆಳಗಿನ ಬಿಸಲು. ಚಾಪ್‌ಮನ್ಸ್ ಪಡವಣಕ್ಕ ಮುಖ, ಅಲ್ಲಿ ಸಂಜೀ ಬಿಸಲು. ಎಡಕ್ಕ ಓಡಸೋ ನಾಡಿನ್ಯಾಗ ಪ್ರದಕ್ಷಿಣ ಹೋದ್ರ ಸಮುದ್ರ ಕಡೀತನಕ ನಿಮ್ಮ ಎಡಕ್ಕ, ಕಿಟಕಿ ಕೆಳಗ. ನಿಂತು ನೋಡೋ ಜಾಗಕ್ಕ ಎದುರಿನ ಸಾಲು ದಾಟದ ಹಂಗ ತಿರುಗಬಹುದು. ಅಪ್ರದಕ್ಷಿಣ ಹೋದ್ರ ನೀವು ಗುಡ್ಡದ ಗ್ವಾಡಿಗೆ ಅಂಟ್ಕೊಂಡು ಹೋಗ್ತೀರಿ.

ಕುಮಟೆ ಕಡಲು:
ಧಾರವಾಡದವರೇ, ನೀವು ಹೇಳುವ ದಾರಿಯಲ್ಲಿ ಸೀಲ್ ದೋಣಿ ತಪ್ಪಿಹೋಗುತ್ತದೆ. ಸೀಲ್‌ಗಳಿರುವ ಡೈಕರ್ ದ್ವೀಪಕ್ಕೆ ಹೌಟ್ ಬೇಯಿಂದ ಹೋಗುವ ದೋಣಿಗಳು ಹೆಚ್ಚಾಗಿ ಬೆಳಿಗ್ಗೆಯೇ ಬಿಡುತ್ತವೆ, ಹೋಗಿ ಬರಲು ಮುಕ್ಕಾಲು ಗಂಟೆ. ಮಧ್ಯಾಹ್ನಕ್ಕೆ ಗಾಳಿ ಎದ್ದರೆ ನಿಲ್ಲಿಸುತ್ತಾರೆ. ಅಕ್ಟೋಬರ್ ಅಂದರೆ ಆಗ್ನೇಯದ ಗಾಳಿ ಶುರುವಾಗುವ ಕಾಲ, ಆ ಊರಿನವರು ಅದನ್ನು ಕೇಪ್ ಡಾಕ್ಟರ್ ಅನ್ನುತ್ತಾರೆ. ಆ ಗಾಳಿಯಲ್ಲಿ ಫಾಲ್ಸ್ ಬೇ ಕಡೆ ಮುಖಕ್ಕೆ ಮರಳು ಹೊಡೆಯುತ್ತದೆ, ಅಟ್ಲಾಂಟಿಕ್ ಕಡೆ ಕೆಲವು ಕೊಲ್ಲಿಗಳಿಗೆ ಬೆಟ್ಟದ ಮರೆ ಸಿಗುತ್ತದೆ. ಹವಾಮಾನ ನೋಡದೆ ದಿಕ್ಕು ನಿಶ್ಚಯ ಮಾಡಬಾರದು. ಬಸ್ಸಿನಲ್ಲಿ ಅಪ್ರದಕ್ಷಿಣೆ ಹೋಗುವುದಾದರೆ ಬಲಗಡೆಯ ಸೀಟು ಕೇಳಿ ಹಿಡಿಯಿರಿ. ಇಷ್ಟು ಗೊತ್ತಿದ್ದರೆ ಬಸ್ಸಿನಲ್ಲೂ ನಷ್ಟವಿಲ್ಲ.

ಚಾಪ್‌ಮನ್ಸ್ ಪೀಕ್ ರಸ್ತೆ ತೆರೆದಿದೆಯೇ ಅಂತ ಅದೇ ದಿನ ಬೆಳಿಗ್ಗೆ ನೋಡಿ. 9 ಕಿಲೋಮೀಟರ್, 114 ತಿರುವು, 1922ರಲ್ಲಿ ಮುಗಿದ ರಸ್ತೆ. ಕಲ್ಲುಬಂಡೆ ಉರುಳಿ ಸಾವಾದ ಮೇಲೆ 2000ದಲ್ಲಿ ಮುಚ್ಚಿ, ಮೇಲೆ ಬಲೆ ಕಟ್ಟಿ, ಒಂದು ಕಡೆ ಬಂಡೆಯನ್ನೇ ಕೊರೆದು ಅರ್ಧ ಸುರಂಗ ಮಾಡಿ, 2003ರ ಕೊನೆಗೆ ಟೋಲ್ ಹಾಕಿ ತೆರೆದರು. ಆ ಅರ್ಧ ಸುರಂಗದಲ್ಲಿ ತಲೆ ಮೇಲೆ ಬಂಡೆ, ಒಂದು ಪಕ್ಕ ಗೋಡೆಯೇ ಇಲ್ಲ, ನೇರ ನೀರು. ಮಳೆ ಬಿದ್ದ ಮೇಲೆ ಮುಚ್ಚುವುದೂ ಉಂಟು. ಆಗ ಕಾನ್‌ಸ್ಟಾನ್ಶಿಯಾ ನೆಕ್ ಹತ್ತಿ ಇಳಿದು, ಔ ಕಾಪ್ಸೆ ವೆಖ್ ಘಾಟಿ ಮೂಲಕ ಆ ರಸ್ತೆಯ ಇನ್ನೊಂದು ತುದಿಯ ನೂರ್ಡ್‌ಹುಕ್ ಸೇರಬೇಕು.

ವಾಸ್ಕೋ ಡ ಗಾಮ 1497ರಲ್ಲಿ ಕೇಪ್ ಪಾಯಿಂಟ್ ಪಕ್ಕದ ಕೇಪ್ ಆಫ್ ಗುಡ್ ಹೋಪ್ ಭೂಶಿರ ಸುತ್ತಿಯೇ ನಮ್ಮ ಕಡೆ ಬಂದದ್ದು. ಮರುವರ್ಷ ಕಾರವಾರದ ಎದುರಿನ ಅಂಜುದೀವದಲ್ಲಿ ಹಡಗು ನಿಲ್ಲಿಸಿದ್ದ. ಎರಡು ಸಮುದ್ರ ಸೇರುವ ಆ ಜಾಗದಲ್ಲಿ ನಿಂತಾಗ ಇದು ನೆನಪಿರಲಿ.

ಮಲ್ಲೇಶ್ವರ 18ನೇ ಕ್ರಾಸ್:
ಎರಡು ಸಮುದ್ರ ಸೇರೋದು ಅಲ್ಲಲ್ಲ! ಎಷ್ಟು ಸಲ ಹೇಳೋದು. ಅಟ್ಲಾಂಟಿಕ್ ಮತ್ತು ಹಿಂದೂ ಮಹಾಸಾಗರದ ಒಪ್ಪಿತ ಗಡಿ ಅಗಲ್ಹಾಸ್ ಭೂಶಿರದಲ್ಲಿದೆ, 20 ಡಿಗ್ರಿ ಪೂರ್ವ ರೇಖಾಂಶ. ಆಫ್ರಿಕಾದ ದಕ್ಷಿಣದ ತುದಿಯೂ ಅದೇ. ಕೇಪ್‌ಟೌನಿಂದ ರಸ್ತೆಯಲ್ಲಿ 200 ಕಿಲೋಮೀಟರಿಗೂ ಹೆಚ್ಚು, ಒಂದೇ ದಿನದಲ್ಲಿ ಎರಡನ್ನೂ ಸೇರಿಸೋಕಾಗಲ್ಲ. ಕೇಪ್ ಆಫ್ ಗುಡ್ ಹೋಪ್ ಬೋರ್ಡಿನ ಮೇಲೇ ಬರೆದಿದ್ದಾರೆ, ಖಂಡದ "ನೈಋತ್ಯದ ತುದಿ" ಅಂತ, ದಕ್ಷಿಣದ ತುದಿ ಅಂತಲ್ಲ. ಗೈಡುಗಳೇ ತಪ್ಪು ಹೇಳ್ತಾರೆ, ನಮ್ಮವರು ಊರಿಗೆ ತಂದು ಹಂಚ್ತಾರೆ.

ಕುಮಟೆ ಕಡಲು:
ಗಡಿ ಅನ್ನುವುದು ನಕ್ಷೆಯ ಗೆರೆ. ನೀರು ಗೆರೆ ನೋಡಿ ಹರಿಯುವುದಿಲ್ಲ. ಪೂರ್ವದಿಂದ ಬರುವ ಬೆಚ್ಚನೆಯ ಅಗಲ್ಹಾಸ್ ಪ್ರವಾಹ, ಪಶ್ಚಿಮದಲ್ಲಿ ಉತ್ತರಕ್ಕೆ ಹೋಗುವ ತಣ್ಣನೆಯ ಬೆಂಗ್ವೆಲಾ ಪ್ರವಾಹ, ಇವು ಸಂಧಿಸುವ ಜಾಗ ಕಾಲಕ್ಕೆ ತಕ್ಕಂತೆ ಆಚೀಚೆ ಸರಿಯುತ್ತದೆ. ಪಶ್ಚಿಮ ದಡದ ಕ್ಯಾಂಪ್ಸ್ ಬೇಯಲ್ಲಿ ಕಾಲಿಟ್ಟರೆ ಜೋಮು ಹಿಡಿಯುತ್ತದೆ, ಫಾಲ್ಸ್ ಬೇ ದಡದ ಮ್ಯೂಜೆನ್‌ಬರ್ಗಿನಲ್ಲಿ ಜನ ಆರಾಮಾಗಿ ಈಜುತ್ತಾರೆ. ಸಮುದ್ರದ ದಂಡೆಯಲ್ಲಿ ಬೆಳೆದವರಿಗೆ ಇದನ್ನು ಬೋರ್ಡ್ ನೋಡಿ ಕಲಿಯಬೇಕಿಲ್ಲ.

ಮಲ್ಲೇಶ್ವರ 18ನೇ ಕ್ರಾಸ್:
ಮ್ಯೂಜೆನ್‌ಬರ್ಗ್ ಕೂಡ ಅಟ್ಲಾಂಟಿಕ್ಕೇ. ಕೊಲ್ಲಿಯೊಳಗಿನ ನೀರು ಬೆಚ್ಚಗಿದ್ದ ಮಾತ್ರಕ್ಕೆ ಹಿಂದೂ ಮಹಾಸಾಗರ ಆಗಲ್ಲ. ದಯವಿಟ್ಟು ಬಿಡಿ.

ಪ್ರಿಟೋರಿಯಾ ಕನ್ನಡಿಗ:
ಇಲ್ಲೇ ಇರುವವನಾಗಿ ಕೆಲವು ವಿಷಯ ಸೇರಿಸುತ್ತೇನೆ. ರಾಷ್ಟ್ರೀಯ ಉದ್ಯಾನದ ದರ ಪ್ರತಿ ವರ್ಷ ನವೆಂಬರ್ 1ಕ್ಕೆ ಏರುತ್ತದೆ. ವಿದ್ಯಾರಣ್ಯಪುರದವರ ಲೆಕ್ಕ ಹಳೆಯದು, ಅದರ ಮೇಲೆ ಸೇರಿಸಿಕೊಳ್ಳಿ. ಕೇಪ್ ಪಾಯಿಂಟ್ ಗೇಟು ಅಕ್ಟೋಬರಿನಿಂದ ಮಾರ್ಚ್‌ವರೆಗೆ ಬೆಳಿಗ್ಗೆ 6ರಿಂದ ಸಂಜೆ 6, ಉಳಿದ ತಿಂಗಳು 7ರಿಂದ 5. ಗೇಟಿನಿಂದ ತುದಿಯ ಪಾರ್ಕಿಂಗಿಗೇ ಇನ್ನೂ ಹತ್ತು ಕಿಲೋಮೀಟರಿನ ಮೇಲಿದೆ. ಗೇಟು ಮುಟ್ಟಿದೆವು ಅಂದರೆ ತಲುಪಿದೆವು ಅಂತಲ್ಲ.

ಖಾಸಗಿ ಗೈಡ್ ತೆಗೆದುಕೊಂಡರೆ ನೋಂದಣಿಯ ಕಾರ್ಡ್ ತೋರಿಸಲು ಹೇಳಿ. ನೋಂದಣಿ ಇಲ್ಲದೆ ಗೈಡ್ ಕೆಲಸ ಮಾಡುವುದು ಇಲ್ಲಿ ಕಾನೂನಿಗೆ ವಿರುದ್ಧ. ಪ್ರಯಾಣಿಕರನ್ನು ಬಾಡಿಗೆಗೆ ಒಯ್ಯುವ ಚಾಲಕರಿಗೂ ಪ್ರತ್ಯೇಕ ಪರವಾನಗಿ ಬೇಕು. ದರ ಕೇಳುವಾಗ ಗಾಡಿಗೆ ಎಷ್ಟು, ತಲೆಗೆ ಎಷ್ಟು, ಎಷ್ಟು ಗಂಟೆ, ಟೋಲ್ ಯಾರದು ಅಂತ ನಾಲ್ಕನ್ನೂ ಬರಹದಲ್ಲಿ ತರಿಸಿಕೊಳ್ಳಿ. ನಾಲ್ಕೈದು ಜನರಿದ್ದರೆ ಗಾಡಿಯ ಲೆಕ್ಕ, ಬಸ್ಸಿನ ತಲೆ ಲೆಕ್ಕಕ್ಕೆ ಹತ್ತಿರ ಬಂದುಬಿಡುತ್ತದೆ. ಚೆನ್ನಾಗಿ ನೋಡಿಕೊಂಡ ಗೈಡಿಗೆ ಶೇಕಡಾ 10ರಿಂದ 15 ಟಿಪ್ಸ್ ರೂಢಿ.

ವಿದ್ಯಾರಣ್ಯಪುರ:
"ಹಳೆಯ ದರ" ಅಂತ ನಾನೇ ವರ್ಷ ಹಾಕಿ ಬರೆದಿದ್ದೀನಿ ಸ್ವಾಮಿ. ಓದಿ ಮಾತಾಡಿ.

ಗಾಂಧಿ ಬಜಾರ್:
ಊಟದ ಬಗ್ಗೆ ಯಾರೂ ಬರೆದಿಲ್ಲ. ಕೇಪ್ ಪಾಯಿಂಟಿನ ಹೋಟೆಲಿನಲ್ಲಿ ಮೀನಿನ ಊಟವೇ ಮುಖ್ಯ, ಸಸ್ಯಾಹಾರಿಗೆ ಆಯ್ಕೆ ಕಡಿಮೆ. ಬೆಳಿಗ್ಗೆ ಪುಳಿಯೋಗರೆ ಕಲಸಿ ಡಬ್ಬಿಗೆ ಹಾಕಿ, ಗಟ್ಟಿ ಮೊಸರನ್ನ ಐಸ್ ಇಟ್ಟ ಕೂಲರ್ ಬ್ಯಾಗಿನಲ್ಲಿಡಿ. ಕೇಪ್ ಪಾಯಿಂಟಿನ ಪಾರ್ಕಿಂಗಿನಲ್ಲೇ ಡಿಕ್ಕಿ ತೆಗೆದು ಊಟ ಮುಗಿಸಿದರೆ ಸಾವಿರಾರು ರೂಪಾಯಿ ಉಳಿಯುತ್ತೆ. ದಿನಸಿ ಬೇಕಿದ್ದರೆ ಊರೊಳಗೆ ರೈಲ್ಯಾಂಡ್ಸ್ ಬಡಾವಣೆಯಲ್ಲಿ ಭಾರತೀಯರ ಅಂಗಡಿಗಳಿವೆ.

ಪ್ರಿಟೋರಿಯಾ ಕನ್ನಡಿಗ:
ಗಾಂಧಿ ಬಜಾರಿನ ಅಮ್ಮಾ, ದಯವಿಟ್ಟು ಈ ಸಲಹೆ ತೆಗೆಯಿರಿ. ಆ ಪಾರ್ಕಿಂಗಿನಲ್ಲಿ ಡಿಕ್ಕಿ ತೆರೆದು ಊಟ ಹರಡುವುದು ಬಬೂನು ಅನ್ನುವ ದೊಡ್ಡ ಕೋತಿಗಳಿಗೆ ಕರೆ ಕೊಟ್ಟ ಹಾಗೆ. ಅವು ನಮ್ಮ ದೇವಸ್ಥಾನದ ಕೋತಿಗಳಲ್ಲ. ಗಂಡಿನ ಕೋರೆಹಲ್ಲು ಉದ್ದ, ಚೂಪು. ಬಾಗಿಲಿನ ಹಿಡಿಗೆ ಕೈ ಹಾಕಿ ನಮ್ಮ ಹಾಗೇ ಎಳೆಯುತ್ತವೆ, ಲಾಕ್ ಇಲ್ಲದಿದ್ದರೆ ಬಾಗಿಲು ತೆರೆದು ಹಿಂದಿನ ಸೀಟಿನಲ್ಲೇ ಕೂರುತ್ತವೆ. ಪ್ಲಾಸ್ಟಿಕ್ ಚೀಲ ಕಂಡರೆ ಅದರಲ್ಲಿ ಊಟವಿದೆ ಅಂತ ಅವಕ್ಕೆ ಗೊತ್ತು. ಒಂದು ಬಾಗಿಲು ತೆರೆದರೆ ನಾಲ್ಕೂ ಅನ್‌ಲಾಕ್ ಆಗುವ ಗಾಡಿಯಾದರೆ ಆ ಸೆಟ್ಟಿಂಗ್ ಬದಲಿಸಿ. ಚೀಲಕ್ಕೆ ಕೈ ಹಾಕಿದರೆ ಬಿಟ್ಟುಬಿಡಿ, ಎಳೆದಾಡಬೇಡಿ. ತಿನ್ನಿಸುವುದು ಅಪರಾಧ. ಮನುಷ್ಯರ ಊಟದ ರುಚಿ ಹತ್ತಿ ದಾಳಿಗೆ ಬಿದ್ದ ಬಬೂನನ್ನು ಕೊನೆಗೆ ಕೊಲ್ಲುವುದೂ ಉಂಟು. ಊಟವನ್ನು ಗೇಟಿಗೆ ಮುಂಚೆ ಅಥವಾ ಬೋಲ್ಡರ್ಸ್ ಇರುವ ಸೈಮನ್ಸ್ ಟೌನಿಗೆ ಬಂದ ಮೇಲೆ ಮಾಡಿ.

ಗಾಂಧಿ ಬಜಾರ್:
ಸಾವಿರಾರು ಜನ ತಿಂತಾರೆ. ಹೆದರಿಸಿ ಹೆದರಿಸಿ ಜನ ಎಲ್ಲೂ ಹೋಗದ ಹಾಗೆ ಮಾಡ್ತೀರಿ.

ಧಾರವಾಡ ಮಂದಿ:
ಅವ್ವಾರೆ, ಹೆದರಸೂದಲ್ಲ, ಖರೇನ. ಮೊಸರನ್ನ ಹೋದ್ರ ಹೋಗ್ಲಿ, ಮಗುವಿನ ಕೈ ಕಚ್ಚಿದ್ರ?

ಜಯನಗರದವರು:
ಎಲ್ಲರಿಗೂ ಧನ್ಯವಾದ. ಅಮ್ಮನ ಮಂಡಿ ಬಗ್ಗೆ, ಮಗಳ ವಾಂತಿ ಬಗ್ಗೆ ಯಾರಾದ್ರೂ ಹೇಳ್ತೀರಾ?

ಮಲ್ಲೇಶ್ವರ 18ನೇ ಕ್ರಾಸ್:
ಕೇಪ್ ಆಫ್ ಗುಡ್ ಹೋಪ್ ಬೋರ್ಡಿನ ಹತ್ತಿರಕ್ಕೇ ಕಾರು ಹೋಗುತ್ತೆ, ಅಮ್ಮನಿಗೆ ಅದೇ ಸರಿ. ಫೋಟೊಗೆ ಸಾಲು ಇರುತ್ತೆ, ಅಷ್ಟೇ. ಕೇಪ್ ಪಾಯಿಂಟ್ ಬೇರೆ ಜಾಗ. ಅಲ್ಲಿ ಫ್ಯುನಿಕ್ಯುಲರ್ ಮೇಲಿನ ನಿಲ್ದಾಣದ ತನಕ ಮಾತ್ರ, ಅಲ್ಲಿಂದ ದೀಪಸ್ತಂಭಕ್ಕೆ ನೂರರ ಮೇಲೆ ಮೆಟ್ಟಿಲಿದೆ. "ರೈಲು ಇದೆ, ನಡೆಯೋದೇ ಬೇಡ" ಅಂತ ಗೈಡ್ ಹೇಳಿದರೆ ನಂಬಬೇಡಿ. ಮೇಲಿನ ನಿಲ್ದಾಣದ ಕಟ್ಟೆಯಿಂದಲೇ ಸಮುದ್ರ ಕಾಣುತ್ತೆ, ಅಮ್ಮ ಅಲ್ಲಿ ಕೂರಲಿ. ಗಾಳಿ ಜೋರಾದರೆ ರೈಲೂ ನಿಲ್ಲುತ್ತೆ. ಮೇಲಿರೋದು 1860ರ ಹಳೇ ದೀಪಸ್ತಂಭ, ಸಮುದ್ರದಿಂದ 238 ಮೀಟರ್ ಎತ್ತರ. ಅಷ್ಟು ಎತ್ತರದಲ್ಲಿ ಮೋಡ ಮುಚ್ಚಿ ಹಡಗುಗಳಿಗೆ ಬೆಳಕು ಕಾಣ್ತಿರಲಿಲ್ಲ. 1911ರಲ್ಲಿ ಪೋರ್ಚುಗೀಸರ ಲುಸಿಟಾನಿಯಾ ಹಡಗು ಬಂಡೆಗೆ ಬಡಿದ ಮೇಲೆ 87 ಮೀಟರ್ ಎತ್ತರದಲ್ಲಿ ಹೊಸದನ್ನು ಕಟ್ಟಿದರು, 1919ರಲ್ಲಿ ಹಚ್ಚಿದರು. ಆ ಮೋಡ ನಿಮ್ಮ ದಿನವೂ ಬರಬಹುದು.

ಪ್ರಿಟೋರಿಯಾ ಕನ್ನಡಿಗ:
ಬೋಲ್ಡರ್ಸ್‌ನಲ್ಲಿ ಫಾಕ್ಸಿ ಬೀಚ್ ಕಡೆಯ ಮರದ ಹಲಗೆಯ ದಾರಿ ಸಮತಟ್ಟು, ಅಮ್ಮ ನಿಧಾನವಾಗಿ ನಡೆಯಬಹುದು. ಈಜುವ ಬೋಲ್ಡರ್ಸ್ ಬೀಚಿನ ಕಡೆ ಮೆಟ್ಟಿಲು, ಬಂಡೆ ಸಂದು ಇದೆ, ಅಲ್ಲಿಗೆ ಮಕ್ಕಳು ಹೋಗಲಿ. ಎರಡಕ್ಕೂ ಒಂದೇ ಟಿಕೆಟ್, ಬಿಸಾಡಬೇಡಿ. 1982ರಲ್ಲಿ ಎರಡೇ ಜೋಡಿ ಬಂದು ಗೂಡು ಮಾಡಿದ ಜಾಗ ಅದು. ಮೈಯೆಲ್ಲಾ ಹರಕು ಹತ್ತಿಯಂತೆ ಗರಿ ಕಿತ್ತ ಪೆಂಗ್ವಿನ್ ಕಂಡರೆ ಕಾಯಿಲೆ ಅಂತ ಮಕ್ಕಳು ಹೆದರುವುದು ಬೇಡ. ವರ್ಷಕ್ಕೊಮ್ಮೆ ಸುಮಾರು ಮೂರು ವಾರ ಗರಿ ಬದಲಿಸುತ್ತವೆ, ಆಗ ನೀರಿಗಿಳಿಯಲಾರವು, ಹೊಟ್ಟೆಗೂ ಏನಿಲ್ಲ. ಹತ್ತಿರ ಹೋಗಿ ಓಡಿಸಿದರೆ ಕೂಡಿಟ್ಟ ಶಕ್ತಿ ಖರ್ಚಾಗುತ್ತದೆ. 2024ರಲ್ಲಿ ಇವನ್ನು ಅಳಿವಿನ ಅಂಚಿನ ಪಟ್ಟಿಯ ಅತಿ ಗಂಭೀರ ದರ್ಜೆಗೆ ಸೇರಿಸಿದ್ದಾರೆ, ಸೆಲ್ಫಿಗಾಗಿ ಹಗ್ಗ ದಾಟಬೇಡಿ.

ಧಾರವಾಡ ಮಂದಿ:
ವಾಂತೀಗೆ: ಮಗೂನ ಹಿಂದ ಕೂಡ್ಸಿದ್ರೂ ನಡೂಕ ಕೂಡಸ್ರಿ, ಮುಂದಿನ ಗಾಜಿನ್ಯಾಗ ರಸ್ತಾ ಕಾಣಬೇಕು. ಮೊಬೈಲ್ ಕೈಯಾಗ ಬ್ಯಾಡ. ಗುಳಗಿ ಕೊಡೂದಿದ್ರ ಡಾಕ್ಟರನ್ನ ಕೇಳಿ ಊರಿಂದನ ಒಯ್ರಿ, ಘಾಟಿಗೆ ಅರ್ಧ ತಾಸು ಮೊದಲ ಕೊಡಬೇಕು, ವಾಂತಿ ಶುರು ಆದಮ್ಯಾಲ ಕೊಟ್ರ ಹೊರಗ ಬರ್ತದ. ಪ್ರದಕ್ಷಿಣ ಹೋದ್ರ ಆ 114 ತಿರುವು ದಿನದ ಕಡೀಗೆ ಬರ್ತಾವು, ಪೆಂಗ್ವಿನ್ ಕೆಡೂದಿಲ್ಲ.

ಕುಮಟೆ ಕಡಲು:
ದಿನದ ಕಡೆಗೆ, ಮಗು ದಣಿದು ಹೊಟ್ಟೆ ತುಂಬಿರುವಾಗ? ಬೆಳಿಗ್ಗೆ ದೋಣಿ ಇಳಿದು, ಹಗುರ ತಿಂಡಿಯ ಮೇಲೆ ಘಾಟಿ ಮುಗಿಸುವುದೇ ಸರಿ. ಟೋಲ್ ಗೇಟು ಹೌಟ್ ಬೇ ಕಡೆಯೇ ಇದೆ, ಅಲ್ಲಿ ಕೇಳಿ ಮುಂದೆ ಹೋಗಬಹುದು. ನೀವು ನೂರ್ಡ್‌ಹುಕ್ ಕಡೆಯಿಂದ ಸಂಜೆ ಬಂದು ರಸ್ತೆ ಮುಚ್ಚಿದ್ದು ಕಂಡರೆ, ಬೆಟ್ಟ ದಾಟಿ ಹಿಂದಕ್ಕೆ.

ಧಾರವಾಡ ಮಂದಿ:
ಮುಚ್ಚಿದ್ದು ಮುಂಜಾನೇನ ಫೋನಿನ್ಯಾಗ ನೋಡಬೇಕಂತ ನೀವ ಮ್ಯಾಲೆ ಬರದೀರಿ.

ವಿದ್ಯಾರಣ್ಯಪುರ:
ಮುಂಜಾನೆ ತೆರೆದಿದ್ದು ಮಧ್ಯಾಹ್ನ ಮುಚ್ಚುತ್ತೆ. ಬಸ್ಸಿನವರು ಅದಕ್ಕೂ ದುಡ್ಡು ವಾಪಸ್ ಕೊಡಲ್ಲ, ಷರತ್ತುಗಳಲ್ಲಿ "ಮಾರ್ಗ ಬದಲಾಗಬಹುದು" ಅಂತ ಇರುತ್ತೆ. ಜಯನಗರದವರೇ, ಯಾವುದನ್ನೇ ಬುಕ್ ಮಾಡಿ, ಆ ಸಾಲನ್ನು ಹುಡುಕಿ ಓದಿ.