ಕಂಡದ್ದನ್ನು ಕೇಸ್ ಶೀಟಿನಲ್ಲಿ ಬರೆಯುವುದು ಯಾರು?

ಪಣಂಬೂರು: ಮಂಗಳೂರು, ಉಡುಪಿ ಕಡೆಯ ಆಸ್ಪತ್ರೆಗಳ ಒಳಹೊರಗು ಗೊತ್ತಿರುವವರಿಗೆ ಪ್ರಶ್ನೆ. ಜೊತೆಗಿನ ಡಾಕ್ಟ್ರೋ ನರ್ಸೋ ಮಾಡಿದ ತಪ್ಪು ಕಣ್ಣೆದುರೇ ನಡೆದರೂ ಉಳಿದವರು ಬಾಯಿ ಬಿಡುವುದಿಲ್ಲ, ಯಾಕೆ? “ಎಲ್ಲ ಒಂದೇ ಜಾತಿ” ಅಂತ ಬೈದು ಹೋಗಬೇಡಿ. ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಬಿಡಿಸುವುದು ಹೇಗೆ, ಅದನ್ನು ಹೇಳಿ.

ಒ.ಟಿ. ಲೈಟು: ಮೊದಲು ದುಡ್ಡಿನ ದಾರಿ ನೋಡಿ. ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ಅರಿವಳಿಕೆ ಡಾಕ್ಟ್ರಿಗೆ ಸಂಬಳ ಇಲ್ಲ, ಸರ್ಜನ್ ಕರೆದಾಗ ಹೋಗುವುದು, ಕೇಸಿಗೆ ಇಷ್ಟು ಅಂತ. ಆ ಸರ್ಜನ್ನರ ತಪ್ಪನ್ನು ಎತ್ತಿ ಆಡಿದರೆ ಯಾರೂ ಜಗಳಕ್ಕೆ ಬರುವುದಿಲ್ಲ. ಫೋನ್ ಬರುವುದು ನಿಲ್ಲುತ್ತದೆ, ಅಷ್ಟೆ. ಸ್ಕ್ಯಾನಿಂಗ್, ಲ್ಯಾಬ್, ಫಿಸಿಷಿಯನ್ ಎಲ್ಲರ ಕಥೆಯೂ ರೆಫರೆನ್ಸಿನ ಮೇಲೆಯೇ.

ಎರಡನೆಯದು ಇಂಡೆಮ್ನಿಟಿ ಪಾಲಿಸಿ, ಅಂದರೆ ಚಿಕಿತ್ಸೆಯ ತಪ್ಪಿಗೆ ಪರಿಹಾರ ಕೊಡಬೇಕಾಗಿ ಬಂದರೆ ಅಂತ ಡಾಕ್ಟ್ರು ಮಾಡಿಸುವ ವಿಮೆ. ವಿಮಾ ಕಂಪನಿಯ ಒಪ್ಪಿಗೆ ಇಲ್ಲದೆ ತಪ್ಪು ಒಪ್ಪಿಕೊಳ್ಳಬಾರದು ಎಂಬ ಶರತ್ತು ಅದರಲ್ಲಿ ಸಾಮಾನ್ಯವಾಗಿ ಇರುತ್ತದೆ. ಒಪ್ಪಿದರೆ ರಕ್ಷಣೆ ಹೋಗುವ ಭಯ. ಮತ್ತೆ ಸಿಟ್ಟಿನಿಂದ ನುಗ್ಗುವ ಗುಂಪಿನ ಭಯ. ಆಸ್ಪತ್ರೆಯವರ ಮೇಲೆ ಕೈ ಮಾಡಿದರೆ 3 ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ ಅಂತ 2009ರ ರಾಜ್ಯ ಕಾಯ್ದೆ ಉಂಟು. ಆದರೂ ಕ್ಯಾಶುವಾಲ್ಟಿಯಲ್ಲಿ ಐವತ್ತು ಜನ ನಿಂತಾಗ ಕಾಯ್ದೆ ಯಾರಿಗೆ ನೆನಪಿರುತ್ತದೆ?

ನಾಲ್ಕನೇ ವಾರ್ಡ್: ಡಾಕ್ಟ್ರೇ, ನೀವು ಹೇಳಿದ್ದು ಬಾಯಿ ಮುಚ್ಚಿದವರ ಕಷ್ಟ. ಬಾಯಿ ಮುಚ್ಚಿದ್ದರಿಂದ ರೋಗಿಗೆ ಎರಡನೇ ಪೆಟ್ಟು ಬೀಳುತ್ತದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇನ್ಸುಲಿನ್ ನೋಡಿ. ನಮ್ಮ ವಾರ್ಡುಗಳಿಗೆ ಬರುವ ಸಾಮಾನ್ಯ ವಯಲ್‌ನಲ್ಲಿ ಎಂ.ಎಲ್.ಗೆ 40 ಯೂನಿಟ್, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಪೆನ್ನಿನ ಕಾರ್ಟ್ರಿಜ್‌ನಲ್ಲಿ ಎಂ.ಎಲ್.ಗೆ 100. ರಾತ್ರಿ ಪೆನ್ನಿನ ಸೂಜಿ ಮುಗಿದಿದೆ, ಆರ್ಡರ್ 20 ಯೂನಿಟ್ ಗ್ಲಾರ್ಜಿನ್ (ಪೆನ್ನಿನ ಇನ್ಸುಲಿನ್). ಕಾರ್ಟ್ರಿಜ್‌ನಿಂದ ಕೆಂಪು ಮುಚ್ಚಳದ ಸಿರಿಂಜ್‌ಗೆ 20ರ ಗೆರೆವರೆಗೆ ಎಳೆದರೆ ಬರುವುದು ಅರ್ಧ ಎಂ.ಎಲ್. ರೋಗಿಗೆ ಹೋದದ್ದು 50 ಯೂನಿಟ್. ಬೆಳಗಿನ ಜಾವ ಬೆವರು, ಮಂಪರು, ಶುಗರ್ 38. 25% ಡೆಕ್ಸ್‌ಟ್ರೋಸ್ 100 ಎಂ.ಎಲ್. ಕೊಟ್ಟು 15 ನಿಮಿಷ ಬಿಟ್ಟು ನೋಡಿದರೆ 110. ಶೀಟಿನಲ್ಲಿ “ಶುಗರ್ ಕಡಿಮೆಯಾಗಿತ್ತು, ಸರಿಪಡಿಸಿದೆ” ಅಂತ ಒಂದು ಗೆರೆ. ಯಾಕೆ ಕಡಿಮೆಯಾಯಿತು ಅಂತ ಇಲ್ಲ.

ಗ್ಲಾರ್ಜಿನ್ ಸುಮಾರು 24 ಗಂಟೆ ಕೆಲಸ ಮಾಡುವ ಮದ್ದು. 50 ಹೋಗಿದೆ ಅಂತ ಗೊತ್ತಿಲ್ಲದ ಬೆಳಗ್ಗಿನ ಪಾಳಿಯವರು ಡ್ರಿಪ್ ತೆಗೆಯುತ್ತಾರೆ, ಶುಗರ್ ಊಟದ ಹೊತ್ತಿಗೆ ಮಾತ್ರ ನೋಡುತ್ತಾರೆ. ಮಧ್ಯಾಹ್ನ ಮತ್ತೆ ಬೀಳುತ್ತದೆ. ಮೊದಲನೆಯದು ಕೈತಪ್ಪು ಅನ್ನಿ. ಎರಡನೆಯದು ಬರೆಯದೆ ಬಿಟ್ಟದ್ದರ ಫಲ.

ಬರೆದರೆ ಎಂತ ಆಗುತ್ತದೆ? ಮೆಮೋ ಬರುವುದು ನರ್ಸಿಗೆ. ಸೂಜಿಗೆ ಇಂಡೆಂಟ್ (ಬೇಡಿಕೆ ಚೀಟಿ) ಹಾಕಿ ಎರಡು ದಿನವಾದರೂ ಸ್ಟೋರಿನವರು ಕಳಿಸಲಿಲ್ಲ ಎಂಬುದು ಆ ಮೆಮೋದಲ್ಲಿ ಇರುವುದಿಲ್ಲ. ನಡುವೆ ಕೆಲಸ ಬಿಡುವುದಿಲ್ಲ ಅಂತ ಬಾಂಡ್ ಬರೆದುಕೊಟ್ಟ ಹುಡುಗಿ, ಒರಿಜಿನಲ್ ಸರ್ಟಿಫಿಕೇಟ್ ಆಡಳಿತದವರ ಕಪಾಟಿನಲ್ಲಿ. ಅವಳು ಬರೆಯಬೇಕು ಅಂತ ನಾವು ಇಲ್ಲಿ ಕೂತು ಹೇಳುವುದು ಸುಲಭ.

ಬಲ್ಮಠ ವಕೀಲ: ಸಿಸ್ಟರ್ ಮಾತು ಒಪ್ಪಿದೆ. ಆದರೆ ಹೇಳುವುದು ಡಾಕ್ಟ್ರುಗಳ ಇಷ್ಟಕ್ಕೆ ಬಿಟ್ಟದ್ದಲ್ಲ. ವೈದ್ಯರಿಗಾಗಿ ಇರುವ 2002ರ ವೃತ್ತಿ ನಡತೆ ನಿಯಮಗಳ 1.7ರಲ್ಲಿ, ಸಹವೈದ್ಯರ ಅಸಮರ್ಥ, ಭ್ರಷ್ಟ ಅಥವಾ ಅನೈತಿಕ ನಡತೆಯನ್ನು ಭಯ, ಪಕ್ಷಪಾತ ಇಲ್ಲದೆ ಬಯಲಿಗೆ ತರಬೇಕು ಅಂತ ಉಂಟು. 2023ರ ಆಗಸ್ಟ್‌ನಲ್ಲಿ ಹೊಸ ನಿಯಮ ಬಂತು, ಅದೇ ತಿಂಗಳು ತಡೆಹಿಡಿದರು, ಹಾಗಾಗಿ ಮತ್ತೆ 2002ರದ್ದೇ ಗತಿ.

ಕಷ್ಟ ಇರುವುದು ಸಾಕ್ಷಿ ಹೇಳುವಲ್ಲಿ. ಸುಪ್ರೀಂ ಕೋರ್ಟಿನ 2005ರ ಜೇಕಬ್ ಮ್ಯಾಥ್ಯೂ ತೀರ್ಪಿನ ಪ್ರಕಾರ ಪೊಲೀಸರು ಡಾಕ್ಟ್ರ ಮೇಲೆ ಕ್ರಮಕ್ಕೆ ಹೋಗುವ ಮೊದಲು ಅದೇ ವಿಭಾಗದ ಸ್ವತಂತ್ರ ವೈದ್ಯರ, ಆದಷ್ಟು ಸರಕಾರಿ ವೈದ್ಯರ, ಅಭಿಪ್ರಾಯ ತೆಗೆದುಕೊಳ್ಳಬೇಕು. ನಮ್ಮ ಊರಲ್ಲಿ ಸ್ವತಂತ್ರ ಅಂದರೆ ಯಾರು? ಕಂಕನಾಡಿಯಿಂದ ದೇರಳಕಟ್ಟೆವರೆಗೆ ಸಾಲಾಗಿ ಮೆಡಿಕಲ್ ಕಾಲೇಜು. ಸರಕಾರಿ ಜಿಲ್ಲಾ ಆಸ್ಪತ್ರೆಯಾದ ವೆನ್ಲಾಕ್‌ನ ವಾರ್ಡುಗಳಲ್ಲಿ ದಶಕಗಳಿಂದ ಸರಕಾರಿ ಡಾಕ್ಟ್ರುಗಳೂ ಖಾಸಗಿ ಕಾಲೇಜಿನ ಅಧ್ಯಾಪಕರೂ ಒಟ್ಟಿಗೆ ಇರುವವರು. ಒಬ್ಬರು ಇನ್ನೊಬ್ಬರ ಕ್ಲಾಸ್‌ಮೇಟ್, ಇಲ್ಲವಾದರೆ ಶಿಷ್ಯ. ದುರುದ್ದೇಶವೇ ಬೇಕಾಗಿಲ್ಲ, ದಾಕ್ಷಿಣ್ಯ ಸಾಕು.

ಒ.ಟಿ. ಲೈಟು: ವಕೀಲರೇ, ನೀವು ಪೊಲೀಸ್ ಅಂದ ಕೂಡಲೇ ಬಾಯಿಗಳು ಮತ್ತೆ ಮುಚ್ಚುತ್ತವೆ. ಭಾರತೀಯ ನ್ಯಾಯ ಸಂಹಿತೆಯ 106ರಲ್ಲಿ ಚಿಕಿತ್ಸೆಯ ವೇಳೆ ನಿರ್ಲಕ್ಷ್ಯದಿಂದ ಸಾವಾದರೆ ಡಾಕ್ಟ್ರಿಗೆ 2 ವರ್ಷದವರೆಗೆ ಶಿಕ್ಷೆ. ಬೇರೆಯವರಿಗೆ 5 ಇರುವಾಗ ಇದು ರಿಯಾಯಿತಿ ಅನ್ನುತ್ತೀರಿ, ಗೊತ್ತು. ಆದರೆ ಬರೆದುಕೊಟ್ಟ ಹಾಳೆಯೇ ಎಫ್‌ಐಆರ್‌ಗೆ ಸೇರುತ್ತದೆ ಅಂದರೆ ಯಾರು ಬರೆದಾರು?

ಇಂದ್ರಾಳಿ ಕ್ವಾಲಿಟಿ: ಇಬ್ಬರೂ ಎರಡು ಹಾಳೆಗಳನ್ನು ಒಂದು ಮಾಡುತ್ತಿದ್ದೀರಿ. ಕೇಸ್ ಶೀಟ್ ರೋಗಿಯದ್ದು. ಅದರಲ್ಲಿ ನಡೆದದ್ದು ಮಾತ್ರ: “02.10ಕ್ಕೆ 20 ಯೂನಿಟ್ ಆರ್ಡರ್, 50 ಯೂನಿಟ್ ಹೋಗಿದೆ, 04.40ಕ್ಕೆ ಶುಗರ್ 38, ಡ್ಯೂಟಿ ಡಾಕ್ಟರಿಗೆ 04.42ಕ್ಕೆ ತಿಳಿಸಿದೆ, ಕೊಟ್ಟದ್ದು ಇದು, ಗಂಟೆಗೊಮ್ಮೆ ಶುಗರ್ ನೋಡಬೇಕು.” ಯಾರ ತಪ್ಪು ಎಂಬ ತೀರ್ಮಾನ ಬೇಡ, “ಅಚಾತುರ್ಯ”, “ಬೇಜವಾಬ್ದಾರಿ” ಅಂಥ ಶಬ್ದವೂ ಬೇಡ. ಇನ್ಸಿಡೆಂಟ್ ಫಾರ್ಮ್ ಬೇರೆ, ಅದು ಕ್ವಾಲಿಟಿ ವಿಭಾಗಕ್ಕೆ. ಯಾಕೆ ಆಯಿತು ಎಂಬುದು ಅಲ್ಲಿ: ಸೂಜಿ ಇರಲಿಲ್ಲ, ಎರಡು ಬಗೆಯ ಇನ್ಸುಲಿನ್ ಒಂದೇ ಫ್ರಿಜ್ ಟ್ರೇಯಲ್ಲಿತ್ತು, ಒಬ್ಬರೇ ಪಾಳಿ, ಎರಡನೇ ಕಣ್ಣು ನೋಡಲಿಲ್ಲ.

ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟ ನೋಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಆಸ್ಪತ್ರೆಯಲ್ಲಿ ಈ ವ್ಯವಸ್ಥೆ ಇರಲೇಬೇಕು. ಕೆಲವೆಡೆ ಫಾರ್ಮ್ ತುಂಬಿ ಬರುವುದು ಬರೀ “ರೋಗಿ ಜಾರಿ ಬಿದ್ದರು” ಅಂತ. ಮದ್ದಿನ ತಪ್ಪು ಸೊನ್ನೆ ಅಂತ ಬೋರ್ಡು ಹಾಕಿಕೊಂಡರೆ ಅಲ್ಲಿ ತಪ್ಪು ಆಗುತ್ತಿಲ್ಲ ಅಂತ ತಿಳಿಯಬೇಡಿ, ಹೇಳುವವರಿಲ್ಲ ಅಂತ ತಿಳಿಯಿರಿ.

ತಾಯಂದಿರ ಸಾವಿನ ಪರಿಶೀಲನೆ ನೋಡಿ. ಪ್ರತಿ ಸಾವಿನ ವಿವರ ಜಿಲ್ಲಾ ಮಟ್ಟಕ್ಕೆ ಹೋಗುತ್ತದೆ, ಶಿಕ್ಷಿಸಲಿಕ್ಕೆ ಅಲ್ಲ ಎಂಬುದು ಅದರ ಮಾರ್ಗಸೂಚಿಯಲ್ಲೇ ಉಂಟು. ಬಾಕಿ ಕಡೆ ಯಾಕೆ ಆಗಬಾರದು?

ಕುಂದಾಪ್ರದ್ ಮಾಣಿ: ಇದೆಲ್ಲ ಸಮ ಮಾರಾಯ್ರೆ. ಒಳಗೊಳಗೆ ಫಾರ್ಮ್ ತುಂಬ್ಸಿ ಫೈಲ್ ಮಾಡಿದ್ರೆ ಮನೆಯವರಿಗೆ ಎಂತ ಸಿಕ್ಕಿತು? ಐಸಿಯು ಬಿಲ್ಲು ಅವರೇ ಕಟ್ಟಬೇಕು ಅಲ್ದಾ?

ಬಲ್ಮಠ ವಕೀಲ: ಮಾಣಿ ಸರಿಯಾದ ಜಾಗಕ್ಕೆ ಕೈ ಹಾಕಿದ. ಇಂದ್ರಾಳಿಯವರ ಫಾರ್ಮಿಗೆ ನಮ್ಮಲ್ಲಿ ಕಾನೂನಿನ ವಿಶೇಷ ರಕ್ಷಣೆ ಇಲ್ಲ, ಬರೆದವರಿಗೂ ಇಲ್ಲ. ತಪ್ಪು ಬಯಲಿಗೆ ತಂದವರ ರಕ್ಷಣೆಗೆ ಅಂತ ಮಾಡಿದ 2014ರ ವಿಸಲ್ ಬ್ಲೋವರ್ ಕಾಯ್ದೆ ಸರಕಾರಿ ಹುದ್ದೆಯವರ ಭ್ರಷ್ಟಾಚಾರದ ಬಗ್ಗೆ. ಖಾಸಗಿ ಆಸ್ಪತ್ರೆಯ ನರ್ಸಿಗೆ ಅದರಿಂದ ಮೂರು ಕಾಸಿನ ಉಪಯೋಗ ಇಲ್ಲ.

ಇಂದ್ರಾಳಿ ಕ್ವಾಲಿಟಿ: ರಕ್ಷಣೆ ಇಲ್ಲ, ಒಪ್ಪಿದೆ. ಮನೆಯವರಿಗೆ ಹೇಳುವುದು ಅದಕ್ಕೆ ಕಾಯಬೇಕಾಗಿಲ್ಲ. ಅದೇ ದಿನ, ಮುಖ್ಯ ಡಾಕ್ಟ್ರೇ ಹೇಳಬೇಕು. ಪಿ.ಜಿ.ಯನ್ನು (ಇನ್ನೂ ಕಲಿಯುತ್ತಿರುವ ಕಿರಿಯ ಡಾಕ್ಟ್ರನ್ನು) ಮುಂದೆ ತಳ್ಳಬಾರದು. ಕಾರಿಡಾರಿನಲ್ಲಿ ನಿಂತು ಅಲ್ಲ, ಬಾಗಿಲು ಹಾಕಿದ ಕೋಣೆಯಲ್ಲಿ. ಏನಾಯಿತು, ಈಗ ಏನು ಮಾಡುತ್ತಿದ್ದೇವೆ, ಯಾವುದು ಇನ್ನೂ ಗೊತ್ತಾಗಿಲ್ಲ, ಇಷ್ಟು. ತುಳು ಮಾತಾಡುವವರಿಗೆ ತುಳುವಿನಲ್ಲಿ, ಬ್ಯಾರಿ ಮಾತಾಡುವವರಿಗೆ ಅದು ಬರುವವರನ್ನು ಕೂರಿಸಿಕೊಂಡು. ಅರ್ಧ ಇಂಗ್ಲಿಷಿನಲ್ಲಿ ಹೇಳಿದ್ದು ಹೇಳಿದ ಲೆಕ್ಕಕ್ಕಿಲ್ಲ. ಆ ತಪ್ಪಿನಿಂದ ಹೆಚ್ಚಾದ ದಿನಗಳ ಬಿಲ್ಲು ಅದೇ ದಿನ ತಡೆಯಬೇಕು. ಗುಂಪು ಸೇರುವುದು ಹೆಚ್ಚಾಗಿ ಮೂರನೇ ದಿನ ಬೇರೆಯವರ ಬಾಯಿಂದ ಗೊತ್ತಾದಾಗ.

ಒ.ಟಿ. ಲೈಟು: ಕಾಗದದ ಮೇಲೆ ಚೆಂದ. ಆಪರೇಷನ್ ಟೇಬಲ್ಲಿನಲ್ಲಿ ಅಷ್ಟು ಹೊತ್ತು ಸಿಗುವುದಿಲ್ಲ. ಮಾಪ್ (ರಕ್ತ ಒರೆಸುವ ಬಟ್ಟೆ) ಲೆಕ್ಕ ಶುರುವಿನಲ್ಲಿ, ಹೊಟ್ಟೆ ಮುಚ್ಚುವ ಮೊದಲು, ಚರ್ಮ ಹೊಲಿಯುವಾಗ, ಮೂರು ಸಲ. ಒಂದು ಕಡಿಮೆ ಬಂದರೆ ಹೊಲಿಗೆ ನಿಲ್ಲಿಸಿ ಬಕೆಟ್, ರೋಗಿಗೆ ಹೊದಿಸಿದ ಡ್ರೇಪ್ ಹುಡುಕಬೇಕು. ಸಿಗದಿದ್ದರೆ ಟೇಬಲ್ ಮೇಲೆಯೇ ಸಿ-ಆರ್ಮ್ (ತಳ್ಳಿಕೊಂಡು ತರುವ ಎಕ್ಸ್‌ರೇ ಯಂತ್ರ), ಮಾಪ್‌ನೊಳಗಿನ ನೂಲು ಎಕ್ಸ್‌ರೇಗೆ ಕಾಣುವಂಥದ್ದು. ಲೆಕ್ಕ ತಪ್ಪುವುದು ಮಾಪ್ ಕತ್ತರಿಸಿ ಎರಡು ಮಾಡಿದಾಗ, ನಡುವೆ ನರ್ಸ್ ಬದಲಾದಾಗ. ಆದರೆ ಮುಂದಿನ ಕೇಸ್ ಹೊರಗೆ ಕಾಯುತ್ತಿರುವಾಗ ಸರ್ಜನ್ “ಸರಿ ಉಂಟಲ್ವಾ?” ಅಂತ ಕೇಳುವ ಧಾಟಿಯಲ್ಲೇ ಉತ್ತರ ಇರುತ್ತದೆ. ಹಾಗಾಗಿ ನಾನು ಹೇಳುವುದು ಇಷ್ಟೆ: ಲೆಕ್ಕ ಕೂಡದೆ ಹೊಲಿಗೆಯಿಲ್ಲ ಎಂಬ ಅಧಿಕಾರ ನರ್ಸಿಗೆ ಲಿಖಿತವಾಗಿ ಕೊಡಿ. ಧೈರ್ಯ ಮಾಡಿ ಅಂತ ಉಪದೇಶ ಬೇಡ.

ನಾಲ್ಕನೇ ವಾರ್ಡ್: ಇದು ಬೇಕು. ಸಹಿ ಹಾಕಿದ ಆದೇಶ ಗೋಡೆಯಲ್ಲಿದ್ದರೆ ಅದನ್ನು ತೋರಿಸಿ ಹೇಳಬಹುದು.

ಪಣಂಬೂರು: ಒಳಗಿನವರು ಯಾರೂ ಹೇಳಲಿಲ್ಲ ಅಂತಿಟ್ಟುಕೊಳ್ಳಿ. ಮನೆಯವರು ಎಲ್ಲಿಂದ ಶುರು ಮಾಡಬೇಕು?

ಬಲ್ಮಠ ವಕೀಲ: ದಾಖಲೆಯಿಂದ. ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ, 72 ಗಂಟೆಯೊಳಗೆ ಕೊಡಬೇಕು, ಅದೂ 2002ರ ನಿಯಮದಲ್ಲೇ. ಒಳರೋಗಿಯ ದಾಖಲೆ ಇಟ್ಟುಕೊಳ್ಳಬೇಕಾದದ್ದು 3 ವರ್ಷ ಮಾತ್ರ, ತಡ ಮಾಡಬೇಡಿ. ಗ್ರಾಹಕ ಆಯೋಗಕ್ಕೆ ದೂರು ಕೊಡಲು ಗಡುವು 2 ವರ್ಷ. ಖಾಸಗಿ ಆಸ್ಪತ್ರೆಯಾದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಕುಂದುಕೊರತೆ ಪ್ರಾಧಿಕಾರ ಉಂಟು. ಡಾಕ್ಟ್ರ ನಡತೆಯ ಬಗ್ಗೆ ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತು, 6 ತಿಂಗಳಲ್ಲಿ ತೀರ್ಮಾನ ಮಾಡಬೇಕು. (ಅರ್ಜಿಯಲ್ಲಿ ಕೆಎಂಸಿ ಅಂತ ಚುಟುಕಾಗಿ ಬರೆಯಬೇಡಿ, ನಮ್ಮ ಊರಲ್ಲಿ ಅದು ಕಸ್ತೂರ್ಬಾ ಮೆಡಿಕಲ್ ಕಾಲೇಜು ಆಗುತ್ತದೆ.) ತಜ್ಞರ ಅಭಿಪ್ರಾಯ ಜಿಲ್ಲೆಯ ಹೊರಗಿನವರಿಂದ ಕೇಳಿ. ಎಲ್ಲ ಕೇಸಿಗೂ ತಜ್ಞರು ಬೇಕಾಗಿಲ್ಲ, ಮಲೇರಿಯಾಕ್ಕೆ ಟೈಫಾಯ್ಡ್ ಮದ್ದು ಕೊಟ್ಟ ವಿ. ಕಿಶನ್ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಮಲೇರಿಯಾದ ಮಂಗಳೂರಿಗೆ ಇದು ಗೊತ್ತಿರಬೇಕು.

ನಾಲ್ಕನೇ ವಾರ್ಡ್: ಅರ್ಜಿಯಲ್ಲಿ “ಎಲ್ಲ ದಾಖಲೆ” ಅಂತ ಬರೆದರೆ ಡಿಸ್ಚಾರ್ಜ್ ಸಮ್ಮರಿ, ಲ್ಯಾಬ್ ರಿಪೋರ್ಟ್ ಇಷ್ಟೇ ಸಿಗುತ್ತದೆ. ಮದ್ದಿನ ಚಾರ್ಟ್, ನರ್ಸ್ ನೋಟ್ಸ್, ಅರಿವಳಿಕೆ ಹಾಳೆ, ಮಾಪ್ ಲೆಕ್ಕದ ಹಾಳೆ ಅಂತ ಒಂದೊಂದೇ ಹೆಸರು ಹಿಡಿದು ಕೇಳಿ. ಶುಗರ್ ಚಾರ್ಟ್ ಬೇರೆಯೇ ಹಾಳೆ, ಬೆಡ್ಡಿನ ಕಾಲಬುಡದ ಕ್ಲಿಪ್ಪಿನಲ್ಲಿರುತ್ತದೆ. ಕೇಸ್ ಶೀಟಿನ ಝೆರಾಕ್ಸ್ ತೆಗೆಯುವಾಗ ಮೊದಲು ಬಿಟ್ಟುಹೋಗುವುದು ಅದೇ.