ಸಂಜೆ ನಾಲ್ಕರಿಂದ ಏಳರವರೆಗಿನ ಹೊತ್ತು

ತಂಗಿ, ನಿನ್ನೆ ರಾತ್ರಿ ನೀನು ಗುಂಪಿಗೆ ಹಾಕಿದ ಸಂದೇಶವನ್ನು ಇಂದು ಬೆಳಿಗ್ಗೆ ಓದಿದೆ. ಎರಡು ಸಾಲು ಬರೆದು ಮುಗಿಸುವ ವಿಷಯ ಇದಲ್ಲವಾದ್ದರಿಂದ ಧ್ವನಿಯಲ್ಲೇ ಕಳುಹಿಸುತ್ತಿದ್ದೇನೆ. ಉದ್ದವಾಯಿತೆನಿಸಿದರೆ ನಿಲ್ಲಿಸಿ ನಿಲ್ಲಿಸಿ ಕೇಳು. ನಾಲ್ಕು ವರ್ಷದ ಮಗ, ಒಂದೂವರೆ ವರ್ಷದ ಮಗಳು, ಹೊಟ್ಟೆಯಲ್ಲಿ 22 ವಾರದ ಕೂಸು. ಚಿಕ್ಕವಳು ದಿನವಿಡೀ ಎತ್ತಿಕೋ ಎಂದು ಕೈಚಾಚುತ್ತಾಳೆ, ಸಂಜೆ ದೊಡ್ಡವನ ಮೇಲೆ ಕೂಗಾಡಿ ಆಮೇಲೆ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅತ್ತಿದ್ದೀಯ, ಮೊದಲ ಬಸಿರಿನಲ್ಲಿ ಹೀಗಿರಲಿಲ್ಲ, ನನಗೇ ಏನೋ ಆಗಿದೆಯೇ ಎಂದು ಕೇಳಿದ್ದೀಯ. ಅದರ ಕೆಳಗೆ ಚಿಕ್ಕಮ್ಮ, ನಾವು ಐದಾರು ಮಕ್ಕಳನ್ನು ಸಾಕಿದವರು, ಯಾರ ಮುಂದೆಯೂ ದಣಿವಿನ ಮಾತೆತ್ತಲಿಲ್ಲ ಎಂದು ಬರೆದಿದ್ದಾರೆ.

ಚಿಕ್ಕಮ್ಮ, ನಿಮ್ಮ ಮೇಲಿನ ಗೌರವದಿಂದಲೇ ಹೇಳುತ್ತೇನೆ, ನೀವು ದಣಿಯಲಿಲ್ಲವೆಂದಲ್ಲ, ನಿಮ್ಮ ಕೈಯಿಂದ ಮಗುವನ್ನು ಇಳಿಸಿಕೊಳ್ಳಲು ಆ ಮನೆಯಲ್ಲಿ ಇನ್ನೂ ನಾಲ್ಕು ಜೊತೆ ಕೈಗಳಿದ್ದವು. ಇವಳ ಮನೆಯಲ್ಲಿ ಬೆಳಿಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ ಇರುವುದು ಇವಳ ಎರಡು ಕೈಗಳು ಮಾತ್ರ.

ತಂಗಿ, ನಿನಗೆ ಏನೂ ಆಗಿಲ್ಲ. ಮೊದಲ ಬಸಿರಿನಲ್ಲೂ ದೇಹ ಇಷ್ಟೇ ದುಡಿದಿತ್ತು, ಆದರೆ ಆಗ ಕಣ್ಣು ಮುಚ್ಚಿಬಂದ ಕೂಡಲೇ ಮಲಗಬಹುದಾಗಿತ್ತು. ದಿನ ತುಂಬುವ ಹೊತ್ತಿಗೆ ತಾಯಿಯ ಮೈಯಲ್ಲಿ ರಕ್ತದ ಪ್ರಮಾಣ ಮೊದಲಿದ್ದುದಕ್ಕಿಂತ ಹತ್ತಿರಹತ್ತಿರ ಅರ್ಧದಷ್ಟು ಹೆಚ್ಚಿರುತ್ತದೆ, ಆ ರಕ್ತವನ್ನೆಲ್ಲ ತಳ್ಳಲು ಹೃದಯ ನೀನು ಸುಮ್ಮನೆ ಕುಳಿತಾಗಲೂ ಹೆಚ್ಚು ದುಡಿಯುತ್ತದೆ, ಹಾರ್ಮೋನುಗಳ ಪ್ರಭಾವದಿಂದ ಸೊಂಟದ ಕೀಲುಗಳ ಬಿಗಿ ಸಡಿಲವಾಗುತ್ತದೆ. ಅಂಥ ಮೈಯಿಂದಲೇ ನೀನು ದಿನಕ್ಕೆ ನಲವತ್ತು ಸಲ ಹತ್ತು ಕಿಲೋ ತೂಕವನ್ನು ನೆಲದಿಂದ ಎತ್ತುತ್ತಿದ್ದೀಯ. ಇನ್ನೊಂದು ಮಾತು, ಇದನ್ನು ಆಕ್ಷೇಪವೆಂದು ತಿಳಿಯಬೇಡ: ಹೆರಿಗೆಯಾದ ಮೇಲೆ ಮುಂದಿನ ಬಸಿರಿಗೆ ಕನಿಷ್ಠ 24 ತಿಂಗಳು ಅಂತರವಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಬರಿದಾದ ಮೈ ಮತ್ತೆ ತುಂಬಿಕೊಳ್ಳಲಿ ಎಂಬ ಕಾರಣಕ್ಕೂ ಹೌದು. ನಿನಗೆ ಅಷ್ಟು ಅಂತರ ಸಿಗಲಿಲ್ಲ, ನನಗೂ ಸಿಕ್ಕಿರಲಿಲ್ಲ. ಆದ್ದರಿಂದ ಮುಂದಿನ ತಪಾಸಣೆಯಲ್ಲಿ ಹಿಮೋಗ್ಲೋಬಿನ್ ಎಷ್ಟಿದೆ ಎಂದು ನೀನೇ ಬಾಯಿಬಿಟ್ಟು ಕೇಳು. ನನ್ನ ಮೂರನೆಯ ಬಸಿರಿನಲ್ಲಿ ನಾನು ಸೋಮಾರಿತನವೆಂದು ಬೈದುಕೊಳ್ಳುತ್ತಿದ್ದದ್ದು ಕೊನೆಗೆ ರಕ್ತಹೀನತೆಯೆಂದು ತಿಳಿಯಿತು.

ರಕ್ತಹೀನತೆಯ ಮಾತು ಬಂದಿದ್ದರಿಂದ ಅದಕ್ಕೆ ಕೊಡುವ ಕಬ್ಬಿಣದ ಮಾತ್ರೆಯ ಬಗ್ಗೆಯೂ ಈಗಲೇ ಹೇಳಿಬಿಡುತ್ತೇನೆ. ಅದನ್ನು ನೆನಪಾಗಲೆಂದು ಊಟದ ಮೇಜಿನ ಮೇಲೆ ಇಟ್ಟುಕೊಳ್ಳಬೇಡ. ನಮಗೆ ಬಲ ಕೊಡುವ ಆ ಮಾತ್ರೆಗಳು ಪುಟ್ಟ ಮಕ್ಕಳ ಹೊಟ್ಟೆಗೆ ಹೋದರೆ ವಿಷ, ಕೆಲವೇ ಮಾತ್ರೆಗಳೂ ಪ್ರಾಣಕ್ಕೆ ಅಪಾಯ ತರಬಲ್ಲವು, ಮೇಲಾಗಿ ಅವುಗಳ ಬಣ್ಣ ಮಿಠಾಯಿಯಂತೆಯೇ ಇರುತ್ತದೆ. ಬೀಗವಿರುವ ಕಪಾಟಿನಲ್ಲಿ, ಮೇಲಿನ ಅರೆಯಲ್ಲಿ ಇಡು; ನೆನಪಿಗೆ ಫೋನಿನಲ್ಲಿ ಅಲಾರಂ ಇಟ್ಟುಕೋ. ಕ್ಯಾಲ್ಸಿಯಂ ಮಾತ್ರೆಯನ್ನು ಇದರೊಂದಿಗೆ ಸೇರಿಸಿ ನುಂಗಬೇಡ, ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ.

ಈಗ ನಿಜವಾಗಿ ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ. ನೀನು ಬೆಳಿಗ್ಗೆ ಎದ್ದಾಗ ಇರುವ ಶಕ್ತಿಯನ್ನು ನಂಬಿ ಇಡೀ ದಿನದ ಲೆಕ್ಕ ಹಾಕುತ್ತೀಯ, ಸಂಜೆ ನಾಲ್ಕಾಗುವಷ್ಟರಲ್ಲಿ ಆ ಲೆಕ್ಕ ಮಗುಚಿ ಬೀಳುತ್ತದೆ. ನಾನೂ ಎರಡು ಬಸಿರುಗಳ ಕಾಲ ಹಾಗೆಯೇ ಮಾಡಿದೆ. ಮೂರನೆಯದರಲ್ಲಿ ಒಂದು ವಾರ ಸುಮ್ಮನೆ ಗಮನಿಸಿದಾಗ, ನಾನು ಮಕ್ಕಳಿಗೆ ಹೊಡೆಯಲು ಕೈಯೆತ್ತಿದ್ದು, ಪಾತ್ರೆಯನ್ನು ಕುಕ್ಕಿದ್ದು, ಅತ್ತದ್ದು ಎಲ್ಲವೂ ನಾಲ್ಕರಿಂದ ಏಳರ ನಡುವೆಯೇ ನಡೆದಿತ್ತು. ಮಕ್ಕಳಿಗೂ ಅದು ಹಸಿವು, ನಿದ್ದೆ, ರಚ್ಚೆ ಎಲ್ಲ ಕೂಡಿ ಬರುವ ಹೊತ್ತು. ಅಂದಿನಿಂದ ದಿನವನ್ನು ನನ್ನ ಅತಿ ಬಲಹೀನವಾದ ಆ ಮೂರು ಗಂಟೆಗಳಿಗೆ ತಕ್ಕಂತೆ ಹೊಂದಿಸಿದೆ. ರಾತ್ರಿಯ ಅಡುಗೆಯನ್ನು ಬೆಳಿಗ್ಗೆ ಹನ್ನೊಂದಕ್ಕೇ ಮುಗಿಸುತ್ತಿದ್ದೆ, ಸ್ನಾನವನ್ನು ಸಂಜೆಯಿಂದ ಮಧ್ಯಾಹ್ನದ ನಿದ್ದೆಯ ಮುಂಚಿನ ಹೊತ್ತಿಗೆ ತಂದೆ, ನಾಲ್ಕರ ನಂತರ ನಿಂತು ಮಾಡುವ ಕೆಲಸ ಒಂದೂ ಇಲ್ಲವೆಂದು ಖಂಡಿತವಾಗಿ ತೀರ್ಮಾನಿಸಿದೆ. ಮನೆ ಚೊಕ್ಕಟವಾಗಿರಲಿಲ್ಲ, ಅದು ಬೇರೆ ಮಾತು. ಬಂದವರು ನೋಡಿದರು, ಹೋದರು.

ಆ ಮೂರು ಗಂಟೆ ಎಲ್ಲವೂ ನೆಲದ ಮೇಲೆಯೇ. ಚಾಪೆ ಹಾಸಿ ಗೋಡೆಗೆ ದಿಂಬಿಟ್ಟು ಒರಗಿದರೆ ಚಿಕ್ಕವಳು ತಾನೇ ಬಂದು ತೊಡೆಯೇರುತ್ತಾಳೆ. ಅವಳಿಗೆ ಬೇಕಾದದ್ದು ನಿನ್ನ ಮೈಯ ಸಾಮೀಪ್ಯ, ಎತ್ತರವಲ್ಲ. ಬಸಿರಿನಲ್ಲಿ ತೊಂದರೆಯಿಲ್ಲದವರು ಮಗುವನ್ನು ಎತ್ತಲೇಬಾರದೆಂದೇನಿಲ್ಲ. ರಕ್ತಸ್ರಾವ ಕಂಡಿದ್ದರೆ ಅಥವಾ ಮಾಸು, ಎಂದರೆ ಪ್ಲಾಸೆಂಟಾ, ಕೆಳಗಿದೆಯೆಂದು ವೈದ್ಯರು ಹೇಳಿದ್ದರೆ ಅವರ ಮಾತೇ ಕೊನೆಯದು. ಎತ್ತಲೇಬೇಕಾದಾಗ ಸೊಂಟ ಬಗ್ಗಿಸದೆ ಮಂಡಿ ಮಡಿಸಿ ಕುಕ್ಕರುಗಾಲಿನಲ್ಲಿ ಕುಳಿತು, ಮಗುವನ್ನು ಎದೆಗೆ ಒತ್ತಿಕೊಂಡು, ಉಸಿರು ಬಿಡುತ್ತಾ ಏಳು. ಅವಳನ್ನು ಸದಾ ಒಂದೇ ಸೊಂಟದ ಮೇಲೆ ಕೂರಿಸಿಕೊಳ್ಳುವ ಅಭ್ಯಾಸವನ್ನು ಬಿಟ್ಟುಬಿಡು, ನೀನು ಬರೆದ ಆ ತೊಡೆಸಂದಿನ ನೋವನ್ನು ಅದು ಹೆಚ್ಚಿಸುತ್ತದೆ. ಹಾಸಿಗೆಯ ಪಕ್ಕ ಅಲುಗಾಡದ ಒಂದು ಗಿಡ್ಡ ಮಣೆಯನ್ನಿಟ್ಟರೆ ಹತ್ತುವುದನ್ನು ಒಂದೂವರೆ ವರ್ಷದ ಮಗು ಎರಡು ದಿನದಲ್ಲಿ ಕಲಿಯುತ್ತದೆ. ನಾನು ಹಾಗೆ ಉಳಿಸಿದ ಎತ್ತುವಿಕೆಗಳನ್ನು ಎಣಿಸಿದ್ದೆ, ದಿನಕ್ಕೆ ಹದಿನಾರು!

ದೊಡ್ಡವನಿಗೆ ವೈದ್ಯರ ಆಟ ಹೇಳಿಕೊಡು. ನೀನು ರೋಗಿ, ಅವನು ವೈದ್ಯ. ರೋಗಿ ಕಣ್ಣು ಮುಚ್ಚಿ ಮಲಗಿರಲೇಬೇಕು, ಮಾತಾಡಬಾರದು. ನನ್ನ ಮಗ ಒಂದು ದಿನ ನನಗೆ ಹನ್ನೆರಡು ಚುಚ್ಚುಮದ್ದು ಕೊಟ್ಟು ಎರಡೂ ಕಾಲುಗಳಿಗೆ ಟವೆಲ್ ಸುತ್ತಿದ. ನನಗೆ ಇಪ್ಪತ್ತು ನಿಮಿಷ ನಿದ್ದೆಯಾಗಿತ್ತು. ಟಿವಿ, ಫೋನಿನ ಪರದೆಯ ವಿಚಾರದಲ್ಲಿ ಎರಡು ವರ್ಷ ತುಂಬದವರಿಗೆ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಕೆಲವು ದಿನ ನಾನು ಆ ಗಂಟೆಯನ್ನು ಮೀರಿದ್ದೇನೆಂದು ಗುಂಪಿನ ಮುಂದೆ ಒಪ್ಪಿಕೊಳ್ಳುತ್ತೇನೆ. ಆದರೆ ಆ ಒಂದು ಗಂಟೆಯನ್ನು ಬೆಳಿಗ್ಗೆಯೇ ಖರ್ಚು ಮಾಡಿಬಿಡಬೇಡ, ಐದೂವರೆಗೆ ಉಳಿಸಿಟ್ಟುಕೋ.

ಹೊಟ್ಟೆಯಲ್ಲಿ ಪಾಪು ಇದೆ, ಅದಕ್ಕೇ ಎತ್ತಿಕೊಳ್ಳುವುದಿಲ್ಲ ಎಂದು ಮಾತ್ರ ಎಂದೂ ಹೇಳಬೇಡ. ಇನ್ನೂ ಹುಟ್ಟದ ಮಗುವಿನ ಮೇಲೆ ಮೊದಲ ದೂರು ಅಲ್ಲಿಂದಲೇ ಶುರುವಾಗುತ್ತದೆ. ಅಮ್ಮನ ಬೆನ್ನು ನೋಯುತ್ತಿದೆ, ಕುಳಿತು ಅಪ್ಪಿಕೊಳ್ಳೋಣ ಬಾ ಎನ್ನು. ಅದು ನಿಜವೂ ಹೌದು. ಇನ್ನು ನಾಲ್ಕು ತಿಂಗಳು ಎಂದರೆ ನಾಲ್ಕು ವರ್ಷದವನಿಗೂ ಅರ್ಥವಾಗುವುದಿಲ್ಲ, ಅವನ ಹುಟ್ಟುಹಬ್ಬದ ನಂತರವೋ, ಶಾಲೆಗೆ ರಜೆ ಬಂದ ಮೇಲೋ ಎಂದು ಹೇಳು. ಅವನು ಮತ್ತೆ ಹಾಸಿಗೆ ಒದ್ದೆ ಮಾಡತೊಡಗಿದ್ದಾನೆ ಎಂದಿದ್ದೀಯ. ಅದು ಹಟವಲ್ಲ, ಮನೆಯಲ್ಲಿ ಏನೋ ಬದಲಾಗುತ್ತಿದೆ ಎಂಬುದು ಅವನಿಗೆ ತಿಳಿದಿದೆ. ಬೈಯದೆ ಚಾದರ ಬದಲಿಸು. ಚಿಕ್ಕವಳ ಮೊಲೆಹಾಲು ಬಿಡಿಸುವುದು, ಬೇರೆ ಹಾಸಿಗೆಗೆ ಕಳುಹಿಸುವುದು ಇಂಥವನ್ನು ಮಾಡುವುದಾದರೆ ಈಗಲೇ ನಿಧಾನವಾಗಿ ಆರಂಭಿಸು, ಇಲ್ಲವೇ ಹೆರಿಗೆಯಾಗಿ ಕೆಲವು ತಿಂಗಳು ಕಳೆದ ಮೇಲೆ ಮಾಡು. ಎರಡರ ನಡುವಿನ ಹೊತ್ತಿನಲ್ಲಿ ಬೇಡ.

ನಮ್ಮಲ್ಲಿ ಯಾರೂ ಹೇಳಿಕೊಡದ ಸಂಗತಿಯೊಂದಿದೆ. ಪುಟ್ಟ ಮಕ್ಕಳ ಜೊಲ್ಲಿನಲ್ಲಿ, ಮೂತ್ರದಲ್ಲಿ ಸೈಟೊಮೆಗಲೊವೈರಸ್ ಎಂಬ ವೈರಾಣು ಇರಬಹುದು. ಮಗುವಿಗೆ ಅದರಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ನೆಗಡಿಯೂ ಕಾಣದಿರಬಹುದು, ಆದರೆ ಬಸಿರಿನಲ್ಲಿ ತಾಯಿಗೆ ತಗುಲಿ ಹೊಟ್ಟೆಯ ಕೂಸಿಗೆ ದಾಟಿದರೆ ಅದರ ಕಿವಿಗೆ, ಮಿದುಳಿಗೆ ತೊಂದರೆಯಾಗುವ ಸಾಧ್ಯತೆಯಿದೆ. ಮನೆಯಲ್ಲಿ ಎಳೆಯ ಮಕ್ಕಳಿರುವ ಬಸುರಿಗೇ ಇದರ ಸಂಪರ್ಕ ಹೆಚ್ಚು. ಹೆದರಿ ಮಕ್ಕಳಿಂದ ದೂರ ಇರಬೇಕಾದ ಅಗತ್ಯವೇನೂ ಇಲ್ಲ. ಡಯಾಪರ್ ಬದಲಿಸಿದ ಮೇಲೆ, ಮೂಗು ಜೊಲ್ಲು ಒರೆಸಿದ ಮೇಲೆ ಸೋಪು ಹಚ್ಚಿ 20 ಸೆಕೆಂಡು ಕೈ ತೊಳೆ, ಮುತ್ತು ಹಣೆಗೆ ಕೊಡು, ಅವರ ಚಮಚವನ್ನು ನಿನ್ನ ಬಾಯಿಗಿಡಬೇಡ. ಮಕ್ಕಳ ತಟ್ಟೆಯಲ್ಲಿ ಉಳಿದದ್ದನ್ನು ನಿಂತೇ ಬಾಯಿಗೆ ಹಾಕಿಕೊಳ್ಳುವುದನ್ನೇ ಊಟವೆಂದುಕೊಂಡಿರುವ ಅಮ್ಮಂದಿರ ಚಟವನ್ನು ಈ ನೆಪದಲ್ಲಾದರೂ ಬಿಡು. ನಿನಗೊಂದು ತಟ್ಟೆ ಇರಲಿ, ಕುಳಿತು ಉಣ್ಣು.

ಈಗ ಈ ಗುಂಪಿನಲ್ಲೇ ಇರುವ ನಿನ್ನ ಯಜಮಾನರೂ ಸ್ವಲ್ಪ ಕೇಳಿಸಿಕೊಳ್ಳಲಿ. ಏನಾದರೂ ಬೇಕಾದರೆ ಹೇಳು ಎಂಬ ಮಾತು ಒಳ್ಳೆಯ ಮನಸ್ಸಿನಿಂದಲೇ ಬರುತ್ತದೆ, ಆದರೆ ಹೇಳುವುದೂ ಒಂದು ಕೆಲಸ, ಅದೂ ಇವಳ ಪಾಲಿಗೇ ಉಳಿಯುತ್ತದೆ. ಅದರ ಬದಲು ಒಂದು ಕೆಲಸವನ್ನು ಬುಡದಿಂದ ತುದಿಯವರೆಗೆ ತೆಗೆದುಕೊಳ್ಳಬೇಕು. ಬೆಳಗಿನ ಹೊಣೆ ನನ್ನದು ಎಂದರೆ ದೊಡ್ಡವನನ್ನು ಎಬ್ಬಿಸುವುದರಿಂದ ಹಿಡಿದು ಶಾಲೆಯ ಚೀಲದಲ್ಲಿ ಬದಲಿ ಬಟ್ಟೆ ಇದೆಯೇ ಎಂದು ನೋಡುವವರೆಗೆ ಎಲ್ಲವೂ ಅವರದೇ, ಟವೆಲ್ ಎಲ್ಲಿದೆ ಎಂದು ಕೂಗಿ ಕೇಳಬಾರದು. ರಾತ್ರಿ ಚಿಕ್ಕವಳು ಎದ್ದರೆ ಎತ್ತುವವರು ಅವರು. ಮೊದಲ ನಾಲ್ಕು ರಾತ್ರಿ ಅವಳು ಅಮ್ಮನೇ ಬೇಕೆಂದು ಮನೆ ಎದ್ದು ಕೂರುವಂತೆ ಅಳುತ್ತಾಳೆ, ಐದನೆಯ ರಾತ್ರಿ ಅಪ್ಪನ ಹೆಗಲಿಗೆ ಒಗ್ಗುತ್ತಾಳೆ. ಹೆರಿಗೆಗೆ ನೀನು ಮನೆಬಿಡುವ ಮುಂಚೆ ಅದು ಆಗಲೇಬೇಕು. 28 ವಾರ ದಾಟಿದ ಮೇಲೆ ನೀನು ಪಕ್ಕಕ್ಕೆ ಹೊರಳಿಯೇ ನಿದ್ದೆಗೆ ಹೋಗಬೇಕು, ಬೆನ್ನ ಮೇಲೆ ಮಲಗಿ ನಿದ್ದೆಗಿಳಿಯಬಾರದು. ಮಲಗಿದಲ್ಲೇ ಸುತ್ತುವ ಮಗುವಿಗೂ ನಿನ್ನ ಹೊಟ್ಟೆಗೂ ನಡುವೆ ಉದ್ದನೆಯ ದಿಂಬೊಂದು ಇರಲಿ.

ಇದಿಷ್ಟನ್ನು ಮರೆತರೂ ಮುಂದಿನದನ್ನು ಮರೆಯಬೇಡ. 33ನೆಯ ವಾರದಲ್ಲಿ ಒಂದು ದಿನ ಮಧ್ಯಾಹ್ನ, ಬೆಳಗಿನಿಂದ ಕೂಸು ಅಲುಗಿದ್ದೇ ನೆನಪಿಗೆ ಬಾರದಿರುವುದು ನನ್ನ ಗಮನಕ್ಕೆ ಬಂತು. ಇಬ್ಬರು ಮಕ್ಕಳ ಹಿಂದೆ ಓಡುವಾಗ ಹೊಟ್ಟೆಯೊಳಗಿನ ಚಲನೆ ಗಮನಕ್ಕೆ ಬರುವುದಿಲ್ಲ, ಅದು ಸಹಜ. ಆದರೆ ನಾನು ಎಡಕ್ಕೆ ಹೊರಳಿ ಮಲಗಿ ನೋಡಿ, ಆಗಲೂ ತೃಪ್ತಿಯಾಗದೆ, ಮಕ್ಕಳನ್ನು ಯಾರ ಹತ್ತಿರ ಬಿಟ್ಟು ಹೋಗಲಿ ಎಂಬ ಒಂದೇ ಕಾರಣಕ್ಕೆ ಇವರು ಬರುವವರೆಗೆ, ಎಂದರೆ ಸಂಜೆ ಏಳೂವರೆಯವರೆಗೆ, ಕಾಯ್ದೆ. ಪರೀಕ್ಷೆಯಲ್ಲಿ ಎಲ್ಲವೂ ಸರಿಯಿತ್ತು. ವೈದ್ಯೆ ಬೈಯಲಿಲ್ಲ, ಮುಂದಿನ ಸಲ ಮಕ್ಕಳನ್ನೂ ಕರೆದುಕೊಂಡೇ ಬಾ, ಇಲ್ಲಿ ಯಾರಾದರೂ ಹಿಡಿದುಕೊಳ್ಳುತ್ತಾರೆ, ಆದರೆ ಕಾಯಬೇಡ ಎಂದಷ್ಟೇ ಹೇಳಿದರು. ಚಲನೆ ಎಂದಿಗಿಂತ ಕಡಿಮೆಯೆನಿಸಿದರೆ, ರಕ್ತ ಕಂಡರೆ, ನೀರು ಸೋರಿದರೆ, ಬಿಡದ ತಲೆನೋವಿನೊಂದಿಗೆ ಕಣ್ಣು ಮಂಜಾದರೆ, ಮುಖ ಕೈ ಇದ್ದಕ್ಕಿದ್ದಂತೆ ಊದಿಕೊಂಡರೆ, ಜ್ವರ ಬಂದರೆ ಅದೇ ಗಳಿಗೆಯಲ್ಲಿ ಹೊರಡು. ಅಂಥ ಹೊತ್ತಿಗೆ ಕರೆಯಲು ಮೂವರ ಹೆಸರನ್ನು ಈಗಲೇ ಬರೆದು ಬಾಗಿಲ ಹಿಂದೆ ಅಂಟಿಸು. ಮೊದಲ ಹೆಸರು ನನ್ನದು. ಉಳಿದ ಎರಡು ಯಾರದು ಎಂದು ಈ ಗುಂಪಿನವರು ಇಂದೇ ಹೇಳಲಿ. ಚಿಕ್ಕಮ್ಮ, ನಿಮ್ಮ ಹೆಸರನ್ನು ಎರಡನೆಯದಾಗಿ ಬರೆಯಬಹುದೇ?

ಕೂಗಾಡಿದ್ದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು, ನಿನ್ನೆ ಅಮ್ಮ ಜೋರಾಗಿ ಕೂಗಿದೆ, ಅದು ನಿನ್ನ ತಪ್ಪಲ್ಲ, ನನಗೆ ತುಂಬಾ ದಣಿವಾಗಿತ್ತು ಎಂದು ಹೇಳು, ಸಾಕು. ಆದರೆ ಅಳು ಪ್ರತಿದಿನವೂ ಬಂದು, ಯಾವುದರಲ್ಲೂ ಮನಸ್ಸಿಲ್ಲವೆಂಬ ಸ್ಥಿತಿ ಎರಡು ವಾರ ಮುಂದುವರಿದರೆ, ಅದನ್ನು ಬೆನ್ನುನೋವಿನಷ್ಟೇ ಸಲೀಸಾಗಿ ವೈದ್ಯರಿಗೆ ತಿಳಿಸು. ಜಗತ್ತಿನಲ್ಲಿ ಹತ್ತು ಗರ್ಭಿಣಿಯರಲ್ಲಿ ಸುಮಾರು ಒಬ್ಬರಿಗೆ ಖಿನ್ನತೆಯಂಥ ತೊಂದರೆ ಇರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಲೆಕ್ಕ ಕೊಟ್ಟಿದೆ, ಅದಕ್ಕೆ ಚಿಕಿತ್ಸೆಯೂ ಇದೆ.

ಕೊನೆಯದಾಗಿ, 24ರಿಂದ 28 ವಾರಗಳ ನಡುವೆ ನಿನಗೆ ಸಕ್ಕರೆಯ ಪರೀಕ್ಷೆ ಬರೆದುಕೊಡುತ್ತಾರೆ. ಗ್ಲೂಕೋಸ್ ಕರಗಿಸಿದ ನೀರನ್ನು ಕುಡಿದು ಎರಡು ಗಂಟೆ ಅಲ್ಲೇ ಕುಳಿತಿರಬೇಕಾಗಬಹುದು. ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಅಲ್ಲಿಗೆ ಹೋಗುವ ಸಾಹಸ ಮಾಡಬೇಡ; ನಾನು ಮಾಡಿ ನೋಡಿದ್ದೇನೆ, ಅಲ್ಲಿನ ನೀರಿನ ಯಂತ್ರದ ನಲ್ಲಿ ಇನ್ನೂ ನನ್ನ ಕನಸಿನಲ್ಲಿ ಬರುತ್ತದೆ. ದಿನ ಗೊತ್ತಾದ ಕೂಡಲೇ ತಿಳಿಸು, ಅಂದು ಬೆಳಿಗ್ಗೆ ಏಳಕ್ಕೇ ಬಂದು ಇಬ್ಬರನ್ನೂ ನಾನು ನೋಡಿಕೊಳ್ಳುತ್ತೇನೆ. ಚಿಕ್ಕವಳು ಯಾವ ಹೊದಿಕೆ ಹಿಡಿದು ಮಲಗುತ್ತಾಳೆ ಎಂಬುದನ್ನು ಮಾತ್ರ ಒಂದು ಚೀಟಿಯಲ್ಲಿ ಬರೆದಿಡು.